ಕನ್ನಡಕ ಆರಿಸಿದ ಕ್ಯಾಮೆರಾ

ಭಾವ ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡ ಮೇಲೆ ಅವರ ಹಳೆಯ ಎರಡು ಕ್ಯಾಮೆರಾಗಳು ಬೀರು ಸೇರಿದ್ದವು. ಒಂದು ಕ್ಯಾನನ್ ಪವರ್‌ಶಾಟ್ ಎಸ್90. 2009ರ ಮಾಡೆಲ್, ಜೇಬಿಗೆ ಹಿಡಿಯುವ ಕಾಂಪ್ಯಾಕ್ಟ್. ಇನ್ನೊಂದು ನಿಕಾನ್ ಡಿ40, 2006ರ ಕೊನೆಗೆ ಬಂದ ಪುಟ್ಟ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿಯಿದ್ದು ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ. ಎರಡರಲ್ಲಿ ಒಂದು ನನಗೆ, ಉಳಿದದ್ದು ಅಕ್ಕನ ಮಗನಿಗೆ ಅಂತ ಮನೆಯಲ್ಲಿ ಮಾತಾಗಿತ್ತು. ಮೊದಲು ಆರಿಸುವ ಹಕ್ಕು ನನ್ನದು. ವಯಸ್ಸಿಗೆ ಕೊಟ್ಟ ಮರ್ಯಾದೆ ಅಂದುಕೊಳ್ಳಿ.

"ಭಾನುವಾರ ಪೂರ್ತಿ ಎರಡನ್ನೂ ಇಟ್ಕೊ. ಎರಡರಲ್ಲೂ ತೆಗಿ. ರಾತ್ರಿ ಹೇಳು," ಅಂದರು ಭಾವ. ಅಕ್ಕ ಒಳಗಿನಿಂದಲೇ, "ಎರಡನ್ನೂ ತಗೊಂಡು ಹೋಗೋ ಮಾರಾಯ, ಜಾಗವಾದ್ರೂ ಆಗ್ಲಿ" ಅಂದಳು.

ಹಳೆಯ ಕ್ಯಾಮೆರಾ ಅಂದಮೇಲೆ ಚಿತ್ರ ಹೇಗೆ ಬರುತ್ತದೆ ಅನ್ನುವುದು ಆಮೇಲಿನ ಮಾತು. ಮೊದಲು ಜೀವ ಎಷ್ಟಿದೆ ನೋಡಬೇಕು. ಬ್ಯಾಟರಿ ಉಬ್ಬಿದೆಯಾ, ಅದರ ಬಾಗಿಲು ಸರಿಯಾಗಿ ಮುಚ್ಚುತ್ತದಾ, ಲೆನ್ಸ್‌ನಲ್ಲಿ ಬೂಷ್ಟು ಹಿಡಿದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿದೆ. ಡಿ40 ಎಷ್ಟು ಸಲ ಕ್ಲಿಕ್ ಆಗಿದೆ ಅನ್ನುವ ಲೆಕ್ಕ ಅದು ತೆಗೆದ ಫೋಟೊ ಫೈಲಿನೊಳಗೇ ಇರುತ್ತದೆ. ಎಕ್ಸಿಫ್, ಅಂದರೆ ಫೋಟೊ ಜೊತೆ ಕ್ಯಾಮೆರಾ ಬರೆದಿಡುವ ವಿವರ, ಪೂರ್ತಿ ಓದುವ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಸಾಕು. ಆಮೇಲೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರ, ಪೂರ್ತಿ ಕಿರಿದು ಮಾಡಿ ಖಾಲಿ ಆಕಾಶದ ಫೋಟೊ ತೆಗೆದೆ. ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಮೇಲೆ ಧೂಳಿದ್ದರೆ ಆಕಾಶದಲ್ಲಿ ಬೂದು ಚುಕ್ಕೆಗಳಾಗಿ ಕಾಣುತ್ತದೆ. ಡಿ40ಯಲ್ಲಿ ಕಂಡವು. ಬ್ಯಾಟರಿ ಫುಲ್ ಮಾಡಿ, ಮೆನುವಿನಲ್ಲಿ ಕನ್ನಡಿ ಎತ್ತಿಸಿ, ಬ್ಲೋವರ್‌ನಿಂದ ಗಾಳಿ ಊದಿದ ಮೇಲೆ ಹೋದವು.

ಕಾಂಪ್ಯಾಕ್ಟ್ ಕ್ಲೀನಾಗಿತ್ತು. ಅದು ಅದೃಷ್ಟ. ಲೆನ್ಸ್ ಹೊರಬಂದು ಒಳಹೋಗುವ ಕ್ಯಾಮೆರಾಗಳು ಪ್ರತಿ ಸಲವೂ ಒಂದಿಷ್ಟು ಗಾಳಿ ಒಳಗೆ ಎಳೆದುಕೊಳ್ಳುತ್ತವೆ, ಗಾಳಿಯ ಜೊತೆ ಧೂಳನ್ನೂ. ಲೆನ್ಸ್, ಶಟರ್, ಸೆನ್ಸರ್ ಮೂರೂ ಒಂದೇ ಗಂಟಾಗಿರುವುದರಿಂದ ಒಳಗಿನ ಧೂಳು ತೆಗೆಯಲು ಕ್ಯಾಮೆರಾವನ್ನೇ ಬಿಚ್ಚಬೇಕು. ಲೆನ್ಸ್ ಹೊರಬರುವ ಮೋಟಾರು ಹೋದರೆ ಅಲ್ಲಿಗೆ ಕಥೆ ಮುಗಿಯಿತು. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಹೋದರೆ ಲೆನ್ಸ್ ಬದಲಿಸಬಹುದು, ಬಾಡಿ ಹೋದರೆ ಬಾಡಿ. ಹದಿನೈದು ಇಪ್ಪತ್ತು ವರ್ಷ ಹಳೆಯ ವಸ್ತು ಕೈಗೆ ತಗೊಳ್ಳುವವನಿಗೆ ಇದು ಸಣ್ಣ ವಿಷಯವಲ್ಲ.

ಮೆಮೊರಿ ಕಾರ್ಡಿನ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಎರಡೂ ಎಸ್‌ಡಿಎಚ್‌ಸಿ ಅನ್ನುವ ಹಳೆಯ ಬಗೆಯ ಕಾರ್ಡಿನ ಕಾಲದವು. 32 ಜಿಬಿವರೆಗಿನ ಕಾರ್ಡ್ ಹಾಕಿ. 64 ಜಿಬಿಯ ಎಸ್‌ಡಿಎಕ್ಸ್‌ಸಿ ಹಾಕಿ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳುವವರಿದ್ದಾರೆ.

ಅಳಿಯ ಬೆಳಗ್ಗೆಯೇ ಬಂದು ಪಕ್ಕದಲ್ಲಿ ಕೂತಿದ್ದ. ಅವನಿಗೆ ಸಿಸಿಡಿ ಅನ್ನುವ ಹಳೆಯ ಬಗೆಯ ಸೆನ್ಸರ್‌ನ ಹುಚ್ಚು. "ಮಾಮ, ಸಿಸಿಡಿ ಸೆನ್ಸರ್‌ನ ಬಣ್ಣವೇ ಬೇರೆ. ಈಗಿನ ಸಿಮಾಸ್‌ನಲ್ಲಿ ಆ ಮಜಾ ಇಲ್ಲ," ಅಂದ. ಎರಡರಲ್ಲಿ ಯಾವುದು ಸಿಸಿಡಿ ಅಂತ ಕೇಳಿದೆ. ಕಾಂಪ್ಯಾಕ್ಟ್ ತೋರಿಸಿದ. ನಿಜ ಹೇಳಬೇಕೆಂದರೆ ಎರಡೂ ಸಿಸಿಡಿಯೇ. ಅವನ ಮುಖವನ್ನೇ ಒಂದೇ ಕಿಟಕಿಯ ಬೆಳಕಿನಲ್ಲಿ ಎರಡರಲ್ಲೂ ತೆಗೆದು ತೋರಿಸಿದೆ. ಚರ್ಮದ ಬಣ್ಣ ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಸೆನ್ಸರ್ ಮೇಲಿನ ಬಣ್ಣದ ಫಿಲ್ಟರು, ಲೆನ್ಸು, ವೈಟ್ ಬ್ಯಾಲೆನ್ಸು, ಜೆಪೆಗ್ ಮಾಡುವ ಒಳಗಿನ ಲೆಕ್ಕಾಚಾರ, ಇವೆಲ್ಲ ಸೇರಿ ಬಣ್ಣ ಆಗುತ್ತದೆ. ಸುಮ್ನೆ ಸಿಸಿಡಿ ಅನ್ನುವ ಹೆಸರಿಗೆ ಪೂಜೆ ಮಾಡುವುದರಲ್ಲಿ ಅರ್ಥವಿಲ್ಲ. ಅವನು ಒಪ್ಪಲಿಲ್ಲ. ಈ ವಯಸ್ಸಿನವರು ಒಪ್ಪಲೂಬಾರದು.

ಕಾಗದದ ಮೇಲಿನ ಅಂಕಿಗಳಲ್ಲಿ ಕಾಂಪ್ಯಾಕ್ಟ್ ಮುಂದಿದೆ. ಅದರದು 10 ಮೆಗಾಪಿಕ್ಸೆಲ್, ಡಿ40ದು ಬರೀ 6. ಆದರೆ ಕಾಂಪ್ಯಾಕ್ಟ್‌ನ ಸೆನ್ಸರ್ ಸುಮಾರು 7.5 ಮಿಲಿಮೀಟರ್ ಅಗಲ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಡಿ40ದು 23.7 ಮಿಲಿಮೀಟರ್ ಅಗಲ. ವಿಸ್ತೀರ್ಣ ಲೆಕ್ಕ ಹಾಕಿದರೆ ಎಂಟೊಂಬತ್ತು ಪಟ್ಟು ದೊಡ್ಡದು. ಇನ್ನು 6 ಮೆಗಾಪಿಕ್ಸೆಲ್ ಸಾಕಾ ಅನ್ನುವ ಪ್ರಶ್ನೆ. ಡಿ40ಯ ಚಿತ್ರ 3008 x 2000 ಪಿಕ್ಸೆಲ್. 300 ಡಿಪಿಐನಲ್ಲಿ ಹತ್ತು ಇಂಚು ಅಗಲದ ಪ್ರಿಂಟ್ ಆರಾಮಾಗಿ ಬರುತ್ತದೆ. ಫುಲ್ ಎಚ್‌ಡಿ ಪರದೆಗೆ ಬೇಕಾದದ್ದು ಎರಡು ಮೆಗಾಪಿಕ್ಸೆಲ್ ಅಷ್ಟೇ. ನನಗಂತೂ ಸಾಕು.

ಬಿಸಿಲು ಏರುವ ಹೊತ್ತಿಗೆ ಎರಡನ್ನೂ ಹಿಡಿದು ಹಿತ್ತಲಿಗೆ ಹೋದೆ. ಒಂದು ಎಲೆಯ ಮೇಲೆ ಇರುವೆಗಳು ಸಾಲಾಗಿ ಹೋಗುತ್ತಿದ್ದವು. ಇಲ್ಲಿ ಎಸ್90 ನನ್ನ ಮನಸ್ಸು ಗೆದ್ದಿತು. ಹತ್ತಿರದ್ದು ತೆಗೆಯುವ ಮ್ಯಾಕ್ರೊಗೆ ಹಾಕಿದರೆ, ಝೂಮ್ ಮಾಡದ ವೈಡ್ ತುದಿಯಲ್ಲಿ 5 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ. ಸೆನ್ಸರ್ ಚಿಕ್ಕದಾಗಿರುವುದರಿಂದ ಇರುವೆ, ಎಲೆಯ ನರ, ಹಿಂದಿನ ಕಡ್ಡಿ ಎಲ್ಲವೂ ಒಂದು ಮಟ್ಟಿಗೆ ಸ್ಪಷ್ಟವಾಗಿ ಬರುತ್ತವೆ. ಡಿ40ಯ ಜೊತೆ ಬಂದ 18-55 ಲೆನ್ಸ್ 28 ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಫೋಕಸ್ ಮಾಡುವುದಿಲ್ಲ. ಇರುವೆ ಚುಕ್ಕೆಯಾಗಿ ಕಾಣುತ್ತಿತ್ತು. ಕಾಂಪ್ಯಾಕ್ಟ್‌ನ ಶಟರ್ ಲೆನ್ಸಿನೊಳಗೇ ಇರುವುದರಿಂದ ಸದ್ದೂ ಇಲ್ಲ. ಡಿ40ಯಲ್ಲಿ ಕನ್ನಡಿ ಮೇಲಕ್ಕೆದ್ದು ಬೀಳುವಾಗ ಟಕ್ ಅನ್ನುತ್ತದೆ. ಮಲಗಿದ ಮಗುವಿನ ಫೋಟೊ ತೆಗೆಯುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಇಷ್ಟರಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಬೆಕ್ಕು ಬಂತು.

ಎಸ್90 ಎತ್ತಿದೆ. ಅದಕ್ಕೆ ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್ ಇಲ್ಲ, ಹಿಂದಿನ ಮೂರು ಇಂಚಿನ ಪರದೆಯೇ ಎಲ್ಲ. ಬಿಸಿಲಿನಲ್ಲಿ ಪರದೆ ಮಂಕಾಗಿತ್ತು. ಅದೂ ಸಾಲದು ಅಂತ ನನ್ನ ಓದುವ ಕನ್ನಡಕ ತಲೆಯ ಮೇಲಿತ್ತು. ಐವತ್ತು ದಾಟಿದ ಕಣ್ಣು ನನ್ನದು. ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಮಸುಕು. ಕನ್ನಡಕ ಕೆಳಗಿಳಿಸಿದೆ. ಪರದೆ ಕಂಡಿತು, ಬೆಕ್ಕು ಮಾಯ. ಕನ್ನಡಕದ ಮೇಲಿನಿಂದ ಇಣುಕಿ ಬೆಕ್ಕು ಹುಡುಕಿದೆ. ಮತ್ತೆ ಪರದೆ ನೋಡಿದೆ. ಒತ್ತಿದೆ. ಕ್ಯಾಮೆರಾ ಫೋಕಸ್ ಹುಡುಕಿ ಕ್ಲಿಕ್ ಆಗುವ ಹೊತ್ತಿಗೆ ಗೋಡೆ ಮಾತ್ರ ಉಳಿದಿತ್ತು, ಜೊತೆಗೆ ಬಾಲದ ತುದಿ.

ಬೆಕ್ಕು ದೊಡ್ಡ ಮನಸ್ಸು ಮಾಡಿ ಮತ್ತೆ ಬಂತು. ಈ ಸಲ ಡಿ40 ಕಣ್ಣಿಗೆ ಒತ್ತಿದೆ. ಕನ್ನಡಕ ಬೇಕಾಗಲೇ ಇಲ್ಲ. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್ ಕಣ್ಣಿಗೆ ಅಂಟಿಕೊಂಡಿದ್ದರೂ ಅದರ ಗಾಜುಗಳು ಚಿತ್ರವನ್ನು ಸುಮಾರು ಒಂದು ಮೀಟರ್ ಆಚೆ ಇರುವಂತೆ ತೋರಿಸುತ್ತವೆ. ಪಕ್ಕದಲ್ಲಿ ಒಂದು ಪುಟ್ಟ ಗುಂಡಿ ಇದೆ. ಅದನ್ನು ಮೇಲೆ ಕೆಳಗೆ ಸರಿಸಿ ನಮ್ಮ ಕಣ್ಣಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಶಟರ್ ಸ್ಪೀಡು, ಅಪರ್ಚರು ಎರಡೂ ಚಿತ್ರದ ಕೆಳಗೇ ಬರೆದಿರುತ್ತವೆ. ಇನ್ನೊಂದು ಕಣ್ಣು ತೆರೆದಿದ್ದರೆ ಬೆಕ್ಕು ಯಾವ ಕಡೆಯಿಂದ ಬರುತ್ತಿದೆ ಅಂತಲೂ ಗೊತ್ತಾಗುತ್ತದೆ. ಫೋಕಸ್ ಪಾಯಿಂಟ್ ಇರುವುದು ಮೂರೇ, ಆದರೆ ನಡುವಿನದು ಚುರುಕು. ಒತ್ತಿದ ತಕ್ಷಣ ಕ್ಲಿಕ್. ಬೆಕ್ಕು ಪೂರ್ತಿ ಬಂದಿತ್ತು, ಮೀಸೆ ಸಮೇತ.

ಆ ಕ್ಷಣದಿಂದ ನನ್ನ ತಲೆಯಲ್ಲಿ ಹೋಲಿಕೆಯ ಅಳತೆಗೋಲೇ ಬದಲಾಯಿತು. ಯಾವುದು ಚೆನ್ನಾಗಿ ತೆಗೆಯುತ್ತದೆ ಅನ್ನುವುದಕ್ಕಿಂತ ಯಾವುದರಲ್ಲಿ ನನಗೆ ಕಾಣುತ್ತದೆ ಅನ್ನುವುದು ಮುಖ್ಯವಾಯಿತು. ಎಲ್ಲರೂ ಸೆನ್ಸರ್, ಝೂಮ್, ತೂಕ ಅಂತ ಮಾತಾಡುತ್ತಾರೆ. ಕ್ಯಾಮೆರಾ ಹಿಡಿಯುವವನಿಗೆ ಎಷ್ಟು ವಯಸ್ಸು ಅಂತ ಯಾರೂ ಕೇಳುವುದಿಲ್ಲ. ನಲವತ್ತೈದರ ಆಚೆಗಿನ ಬಹಳ ಜನ ಮೊಬೈಲನ್ನು ಕೈ ಚಾಚಿ ದೂರ ಹಿಡಿದು ಓದುತ್ತಾರಲ್ವಾ? ಅವರೇ ಕಾಂಪ್ಯಾಕ್ಟ್ ಹಿಡಿದರೂ ಹಾಗೇ ಕೈ ಚಾಚುತ್ತಾರೆ. ಕೈ ಚಾಚಿದಷ್ಟೂ ನಡುಕ ಜಾಸ್ತಿ. ಡಿಎಸ್‌ಎಲ್‌ಆರ್‌ನಲ್ಲಿ ಕ್ಯಾಮೆರಾ ಹುಬ್ಬಿಗೆ ಆನಿರುತ್ತದೆ, ಮೊಣಕೈ ಪಕ್ಕೆಗೆ ಒತ್ತಿರುತ್ತದೆ.

ಹಾಗಂತ ಸಂಜೆ ಮನೆಯೊಳಗೆ ಡಿ40 ಸುಲಭವಾಗಿ ಗೆಲ್ಲಲಿಲ್ಲ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ದೀಪದ ಬೆಳಕಿನಲ್ಲಿ ಪುಸ್ತಕದ ಕಪಾಟಿನ ಫೋಟೊ ತೆಗೆಯಲು ಹೊರಟೆ. ಎಸ್90 ಲೆನ್ಸ್ ವೈಡ್ ತುದಿಯಲ್ಲಿ ಎಫ್/2ರವರೆಗೆ ತೆರೆಯುತ್ತದೆ (ಈ ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಜಾಸ್ತಿ), ಕೈ ನಡುಕ ತಡೆಯುವ ವ್ಯವಸ್ಥೆಯೂ ಇದೆ. ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ ಐಎಸ್‌ಒ. ಅದನ್ನು 200ರಲ್ಲಿ ಇಟ್ಟು, ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿದ್ದರೂ ಚಿತ್ರ ಅಲುಗಲಿಲ್ಲ. ಡಿ40ಯ 18-55 ಎಫ್/3.5ಕ್ಕಿಂತ ಹೆಚ್ಚು ತೆರೆಯುವುದಿಲ್ಲ, ನಡುಕ ತಡೆಯುವುದೂ ಇಲ್ಲ. ಅಲುಗದಂತೆ 1/30ರಲ್ಲಿ ತೆಗೆಯಬೇಕೆಂದರೆ ಐಎಸ್‌ಒ 1600ನ್ನೂ ದಾಟಬೇಕಿತ್ತು, ಅದು ಏರಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ. ಅಲ್ಲಾಡದ ವಸ್ತುವಿಗೆ, ಕಡಿಮೆ ಬೆಳಕಿನಲ್ಲಿ, ಜೇಬಿನ ಕ್ಯಾಮೆರಾವೇ ಚೆನ್ನಾದ ಫೋಟೊ ಕೊಟ್ಟಿತು. ದೊಡ್ಡ ಸೆನ್ಸರ್ ಇದೆ ಅಂತ ಕಣ್ಣು ಮುಚ್ಚಿ ಡಿಎಸ್‌ಎಲ್‌ಆರ್ ತಗೊಳ್ಳುವವರಿಗೆ ಜೊತೆಗೆ ಬರುವ ಕಿಟ್ ಲೆನ್ಸ್ ಹೀಗೆ ಕೈ ಕೊಡುತ್ತದೆ. ಝೂಮ್ ಮಾಡಿದರೆ ಕಾಂಪ್ಯಾಕ್ಟ್ ಕೂಡ ಎಫ್/4.9ಕ್ಕೆ ಇಳಿಯುತ್ತದೆ, ಆ ಮಾತು ಬೇರೆ.

ಭಾವ ನೋಡುತ್ತಲೇ ಇದ್ದರು. ಎದ್ದು ಹೋಗಿ ಹಳೆಯ ಬ್ಯಾಗಿನಿಂದ 35 ಎಂಎಂ ಎಫ್/1.8 ಲೆನ್ಸ್ ತಂದರು. 2009ರಲ್ಲಿ ನಿಕಾನ್ ಇಂಥ ಚಿಕ್ಕ ಬಾಡಿಗಳಿಗೆಂದೇ ತಂದ ಲೆನ್ಸ್ ಅದು. ಝೂಮ್ ಇಲ್ಲ. ಡಿ40ಯ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಈ ಲೆನ್ಸ್‌ನಲ್ಲಿ ಅದು ಒಳಗೇ ಇದೆ, ಹಾಗಾಗಿ ಆಟೊಫೋಕಸ್ ಕೆಲಸ ಮಾಡುತ್ತದೆ. ಅಕ್ಕ ಮತ್ತು ಅಳಿಯ ಏನೋ ವಾದ ಮಾಡುತ್ತಾ ಕೈ ಬೀಸುತ್ತಿದ್ದರು. ಎಫ್/1.8, 1/60, ಐಎಸ್‌ಒ 1600ಕ್ಕಿಂತ ಕೆಳಗೇ ಫೋಟೊ ಬಂತು. ಕೈ ಅಲುಗಿರಲಿಲ್ಲ, ಹಿಂದಿನ ಕಪಾಟು ಮೃದುವಾಗಿ ಕರಗಿತ್ತು. ಅದೇ ವಾದವನ್ನು ಎಸ್90ಯಲ್ಲಿ ತೆಗೆದೆ. ಅಕ್ಕನಿಗೆ ನಾಲ್ಕು ಕೈ.

"ಆದ್ರೂ ಜೇಬಲ್ಲಿ ಇರೋದೇ ಕೆಲಸಕ್ಕೆ ಬರೋದು. ಇಷ್ಟು ದೊಡ್ಡದನ್ನ ನೀನು ಹೊತ್ಕೊಂಡು ಹೋಗ್ತೀಯಾ?" ಅಂದರು ಭಾವ. ಅವರು ವರ್ಷಗಟ್ಟಲೆ ಎಸ್90ಯನ್ನು ಶರ್ಟಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದವರು. ಅವರ ಮಾತು 2009ರಲ್ಲಿ ನೂರಕ್ಕೆ ನೂರು ಸರಿ. ಆಗ ಜೇಬು ಖಾಲಿ ಇತ್ತು. ಈಗ ಅಲ್ಲಿ ಫೋನ್ ಇದೆ. ನಾನು ಕಾಂಪ್ಯಾಕ್ಟ್ ತಗೊಂಡರೆ ಅದು ಪೈಪೋಟಿ ಮಾಡಬೇಕಾದ್ದು ಡಿಎಸ್‌ಎಲ್‌ಆರ್ ಜೊತೆ ಅಲ್ಲ, ಫೋನಿನ ಜೊತೆ. ಎರಡೂ ಪರದೆ ನೋಡಿ ತೆಗೆಯುವಂಥವು, ಎರಡರದೂ ಪುಟ್ಟ ಸೆನ್ಸರ್. ಫೋನಿಗೆ ಇಲ್ಲದ ಒಂದು ವಸ್ತು ಬೇಕು ಅಂದರೆ ಅದು ಕಣ್ಣಿಟ್ಟು ನೋಡುವ ಆ ಕಿಂಡಿ. ಫೋಟೊ ತೆಗೆಯಲಿಕ್ಕೇ ಅಂತ ಹೊರಟ ದಿನ ಮುಕ್ಕಾಲು ಕೇಜಿ ಹೊರುವುದು ನನಗೇನೂ ಕಷ್ಟವಲ್ಲ.

ಇದನ್ನೇ ಭಾವನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಂಗೂ ಇನ್ನು ವ್ಯೂಫೈಂಡರ್ರೇ ಗತಿ" ಅಂದರು. ಅವರು ನನಗಿಂತ ದೊಡ್ಡವರು. ಓದುವ ಕನ್ನಡಕ ಅವರ ಕೊರಳಿಗೇ ನೇತು ಬಿದ್ದಿರುತ್ತದೆ.

ಅಳಿಯನಿಗೆ ಎಸ್90 ಹೋಯಿತು. ಖುಷಿಯಾಗಿದ್ದಾನೆ. ಅವನ ಕಣ್ಣಿಗೆ ಪರದೆ ಮೂಗಿನ ತುದಿಯಲ್ಲಿದ್ದರೂ ಕಾಣುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 220 ಫೋಟೊ ಅಂತ ಕಂಪನಿಯೇ ಹೇಳಿದ್ದ ಕ್ಯಾಮೆರಾ ಅದು, ಹಾಗಾಗಿ ಒಂದು ಹೆಚ್ಚುವರಿ ಬ್ಯಾಟರಿ ಇಟ್ಟುಕೋ ಅಂದಿದ್ದೇನೆ. ಜೆಪೆಗ್ ಜೊತೆ ರಾ ಫೈಲನ್ನೂ, ಅಂದರೆ ಸೆನ್ಸರ್ ಕೊಟ್ಟ ಹಸಿ ಮಾಹಿತಿಯನ್ನೂ ಉಳಿಸಿಕೋ ಅಂತಲೂ ಹೇಳಿದೆ. ರಾ ಬೇಡವಂತೆ, ಸಿಸಿಡಿಯ ಬಣ್ಣ ಹಾಳಾಗುತ್ತದಂತೆ.

ಡಿ40 ಈಗ 35 ಎಂಎಂ ಲೆನ್ಸ್ ಹಾಕಿಕೊಂಡೇ ನನ್ನ ಮೇಜಿನ ಮೇಲಿರುತ್ತದೆ. ಬ್ಯಾಗಿನಲ್ಲಿ ಇನ್ನೊಂದು ಹಳೆಯ 50 ಎಂಎಂ ಡಿ ಲೆನ್ಸ್ ಸಿಕ್ಕಿತು. ಅದಕ್ಕೆ ಬಾಡಿಯ ಮೋಟಾರೇ ಬೇಕು. ಆದ್ದರಿಂದ ನನ್ನ ಕ್ಯಾಮೆರಾದಲ್ಲಿ ಕೈಯಿಂದ ತಿರುಗಿಸಿಯೇ ಫೋಕಸ್ ಮಾಡಬೇಕು. ಸರಿಯಾದಾಗ ವ್ಯೂಫೈಂಡರಿನ ಕೆಳಗೆ ಎಡಮೂಲೆಯಲ್ಲಿ ಒಂದು ಚುಕ್ಕೆ ಹೊತ್ತಿಕೊಳ್ಳುತ್ತದೆ. ಕೂತ ಮನುಷ್ಯರಿಗೆ ಸರಿ, ಬೆಕ್ಕಿಗೆ ಆಗದ ಮಾತು. ಮೋಟಾರ್ ಇರುವ ಹಳೆಯ ಡಿ90 ಎಲ್ಲಾದರೂ ಸಿಗುತ್ತದಾ ಅಂತ ಭಾವ ಆಗಲೇ ಹುಡುಕಲು ಶುರು ಮಾಡಿದ್ದಾರೆ. ನಾನು ಬೇಡ ಅಂದಿದ್ದೇನೆ. ಅಕ್ಕ ಇನ್ನೂ ಜೋರಾಗಿ ಬೇಡ ಅಂದಿದ್ದಾಳೆ.