ಟಿ5 ರೈಲೂ ಅಕ್ಕಿ ಮೂಟೆಗಳೂ

ಸಿಡ್ನಿಯಲ್ಲಿ ಮಗಳ ಮನೆಗೆ ಬಂದ ಹದಿನೈದು ದಿನಕ್ಕೇ ಒಪೆರಾ ಹೌಸ್, ಹಾರ್ಬರ್ ಬ್ರಿಡ್ಜ್, ಬಾಂಡೈ ಬೀಚ್ ಎಲ್ಲ ನೋಡಿ ಮುಗಿದಿತ್ತು. ವಾಪಸ್ ಟಿಕೆಟ್‌ಗೆ ಇನ್ನೂ ಎರಡೂವರೆ ತಿಂಗಳಿತ್ತು. ಮಗಳು, ಅಳಿಯ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟರೆ ನಾನೂ ನನ್ನ ಹೆಂಡತಿಯೂ ಬಾಲ್ಕನಿಯಲ್ಲಿ ಕೂತು ಬಿಳಿ ಕಾಕಟೂ ಗಿಳಿಗಳ ಜಗಳ ನೋಡಬೇಕು. ಎಷ್ಟು ದಿನ ಅಂತ ನೋಡೋದು?

"ಅಪ್ಪ, ಸುಮ್ನೆ ಟಿ5 ಹತ್ತಿ. ಎಲ್ಲಿ ಹಸಿವಾಗುತ್ತೋ ಅಲ್ಲಿ ಇಳೀರಿ" ಅಂದಳು ಮಗಳು.

ಟಿ5 ಅಂದರೆ ಕಂಬರ್ಲ್ಯಾಂಡ್ ಲೈನ್. ಸಿಡ್ನಿಯ ಹೆಚ್ಚಿನ ರೈಲುಗಳು ನಗರದ ನಡುಮಧ್ಯಕ್ಕೆ ಓಡುತ್ತವೆ. ಇದು ಮಾತ್ರ ಆ ಕಡೆ ತಲೆ ಹಾಕುವುದೇ ಇಲ್ಲ. ಪಶ್ಚಿಮದ ಉಪನಗರಗಳಲ್ಲೇ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಾಡಿಕೊಂಡಿರುತ್ತದೆ. ಮಗಳ ಮನೆ ಇರುವ ಪ್ಯಾರಮಟ್ಟ ಈ ದಾರಿಯಲ್ಲೇ ಇದೆ. ಅಲ್ಲಿಂದ ದಕ್ಷಿಣಕ್ಕೆ ಹ್ಯಾರಿಸ್ ಪಾರ್ಕ್, ಮೆರಿಲ್ಯಾಂಡ್ಸ್, ಫೇರ್‌ಫೀಲ್ಡ್, ಕಾಬ್ರಮಟ್ಟ. ಸುಮಾರು 20 ನಿಮಿಷದ ದಾರಿ ಅಷ್ಟೇ. ನಾವು ತಗೊಂಡಿದ್ದು ಇಡೀ ಒಂದು ದಿನ, ಸಾಲದು ಅಂತ ಮುಂದಿನ ವಾರ ಇನ್ನೊಂದು ದಿನ.

ಹೊರಟಿದ್ದು ಶುಕ್ರವಾರ. ಶುಕ್ರವಾರದಿಂದ ಭಾನುವಾರದವರೆಗೆ ಒಪಾಲ್ ಕಾರ್ಡಿನಲ್ಲಿ, ಅಂದರೆ ಇಲ್ಲಿ ರೈಲು, ಬಸ್ಸಿಗೆಲ್ಲ ನಡೆಯುವ ಕಾರ್ಡಿನಲ್ಲಿ, ದಿನದ ಗರಿಷ್ಠ ದರ ಕಡಿಮೆ. ಎಷ್ಟು ಸಲ ಹತ್ತಿ ಇಳಿದರೂ ಆ ಮಿತಿ ಮೀರಿ ದುಡ್ಡು ಹೋಗುವುದಿಲ್ಲ. ಇಲ್ಲಿನ ಹಿರಿಯ ನಾಗರಿಕರಿಗೆ ದಿನಕ್ಕೆ ಬರೀ ಎರಡೂವರೆ ಡಾಲರ್. ನಮ್ಮಂಥ ನೆಂಟರಿಗೆ ಆ ಭಾಗ್ಯ ಇಲ್ಲ, ತಲೆ ಎಷ್ಟೇ ಬೆಳ್ಳಗಾಗಿದ್ದರೂ ಪೂರ್ತಿ ದರ.

ನನಗೊಂದು ಚಾಳಿ ಇದೆ, ಮೊದಲೇ ಹೇಳಿಬಿಡುತ್ತೇನೆ. ಅಪ್ಪ ದಿನಸಿ ಅಂಗಡಿ ಇಟ್ಟಿದ್ದರು. ಹೊಸ ಮೂಟೆ ಬಂದರೆ ಕೈ ಹಾಕಿ ನಾಲ್ಕು ಕಾಳು ತೆಗೆದು, ಮೂಸಿ, ಹಲ್ಲಲ್ಲಿ ಕಚ್ಚಿ ನೋಡುತ್ತಿದ್ದರು. ಟಕ್ ಅಂದರೆ ಹಳೇ ಅಕ್ಕಿ. ಅದಕ್ಕೇ ಯಾವ ಊರಿಗೆ ಹೋದರೂ ನಾನು ಹೋಟೆಲಿಗಿಂತ ಮೊದಲು ದಿನಸಿ ಅಂಗಡಿಗೆ ನುಗ್ಗುತ್ತೇನೆ. ಹೋಟೆಲಿನ ಊಟ ಬಂದವರಿಗೆ ಬಡಿಸಲು ಮಾಡಿದ್ದು. ಅಂಗಡಿಯ ಮೂಟೆ ಅಲ್ಲಿ ಬದುಕುವವರು ದಿನಾ ಬೇಯಿಸುವುದು. ಊರು ಬಿಟ್ಟು ಬಂದವರಿಗೆ ಏನು ಬಿಡಲಾಗಲಿಲ್ಲ ಅನ್ನುವುದು ಮೂಟೆ ನೋಡಿದರೇ ಗೊತ್ತಾಗುತ್ತದೆ. ನನ್ನ ಹೆಂಡತಿಯ ದಾರಿ ಬೇರೆ, ಅವಳು ಸೀದಾ ಸೊಪ್ಪಿನ ಕಡೆ ಹೋಗುತ್ತಾಳೆ.

ಹ್ಯಾರಿಸ್ ಪಾರ್ಕಿಗೆ ರೈಲು ಬೇಕಿರಲಿಲ್ಲ, ನಡೆದೇ ಹೋದೆವು. ವಿಗ್ರಂ ಸ್ಟ್ರೀಟಿನಲ್ಲಿ ಹಳೇ ಕಾಲದ ಪುಟ್ಟ ಪುಟ್ಟ ಮನೆಗಳೆಲ್ಲ ಹೋಟೆಲುಗಳಾಗಿವೆ. ಜಗಲಿಯಲ್ಲೇ ಟೇಬಲ್ ಹಾಕಿ ದೋಸೆ, ಪಾನಿಪುರಿ, ಬಿರಿಯಾನಿ ಕೊಡುತ್ತಾರೆ. 2023ರ ಮೇ ತಿಂಗಳಲ್ಲಿ ನಮ್ಮ ಪ್ರಧಾನಿ ಬಂದಾಗ ಇಲ್ಲಿಗೆ 'ಲಿಟ್ಲ್ ಇಂಡಿಯಾ' ಅಂತ ಹೆಸರಿನ ಮುದ್ರೆಯೂ ಬಿತ್ತು. ಅದಕ್ಕೂ ಮೊದಲು ಇದು ಲೆಬನಾನಿನವರ ಕೇರಿಯಾಗಿತ್ತು. ಅವರ ಮರೋನೈಟ್ ಚರ್ಚು ಈಗಲೂ ಇಲ್ಲೇ ಇದೆ.

ಅಂಗಡಿಯಲ್ಲಿ ಸೋನಾ ಮಸೂರಿ ಮೂಟೆ ನೋಡಿ ನನಗೆ ಖುಷಿಯಾಯಿತು. ಒಂದು ಹಿಡಿ ಕರಿಬೇವಿನ ಬೆಲೆ ನೋಡಿ ಹೆಂಡತಿಗೆ ಸಿಟ್ಟು ಬಂತು. ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಮಸಾಲೆ ದೋಸೆ ತಿನ್ನಲು ವಿಮಾನ ಹತ್ತಬೇಕಿತ್ತಾ?

ಆದರೆ ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ಎಕ್ಸ್‌ಪೆರಿಮೆಂಟ್ ಫಾರ್ಮ್ ಅನ್ನುವ ಜಾಗವಿದೆ. ಬ್ರಿಟಿಷರು 1788ರಲ್ಲಿ ಕೈದಿಗಳನ್ನು ತಂದು ಇಲ್ಲಿ ಇಳಿಸಿದರಲ್ಲ, ಮೊದಲ ವರ್ಷಗಳಲ್ಲಿ ಹೊಟ್ಟೆಗೇ ಕಷ್ಟವಾಯಿತು. ಆಗ ಜೇಮ್ಸ್ ರೂಸ್ ಎಂಬ ಶಿಕ್ಷೆ ಮುಗಿಸಿದ ಕೈದಿಗೆ ತುಂಡು ಜಮೀನು ಕೊಟ್ಟು, ಒಬ್ಬ ರೈತ ತನ್ನ ಅನ್ನ ತಾನೇ ಬೆಳೆದುಕೊಳ್ಳಲು ಎಷ್ಟು ಕಾಲ ಬೇಕು ನೋಡೋಣ ಅಂದರು. ಅವನು ಮಾಡಿ ತೋರಿಸಿದ. 1792ರಲ್ಲಿ 30 ಎಕರೆ ಅವನ ಹೆಸರಿಗೇ ಆಯಿತು. ಅದಕ್ಕೂ ಮುಂಚೆ ಸಾವಿರಾರು ವರ್ಷ ಇದೇ ನೆಲದಲ್ಲಿ ಇಲ್ಲಿನ ಮೂಲನಿವಾಸಿಗಳಾದ ದಾರುಗ್ ಜನ ಯಾರ ಪ್ರಯೋಗವೂ ಇಲ್ಲದೆ ಉಂಡುಕೊಂಡೇ ಇದ್ದರು ಅನ್ನಿ. ಪ್ಯಾರಮಟ್ಟ ಅಂದರೆ ಅವರ ಮಾತಿನಲ್ಲಿ ಹಾವುಮೀನು ಸಿಗುವ ಜಾಗ. ಕಾಬ್ರಮಟ್ಟದ ಹೆಸರೂ ನೀರಿನಲ್ಲಿ ಸಿಗುವ, ತಿನ್ನುವಂಥ ಒಂದು ಹುಳದಿಂದ ಬಂದದ್ದು ಎನ್ನುತ್ತಾರೆ. ಇಲ್ಲಿ ಊರಿನ ಹೆಸರೇ ಊಟದ್ದು!

ಹ್ಯಾರಿಸ್ ಪಾರ್ಕಿನಲ್ಲಿ ರೈಲು ಹತ್ತಿದೆವು. ಸೀಟಿನ ಬೆನ್ನನ್ನು ಹಿಡಿದು ದಬ್ಬಿದರೆ ಅದು ದಡ್ ಅಂತ ಆಚೆ ಬದಿಗೆ ಹೋಗುತ್ತದೆ, ರೈಲು ಹೋಗುವ ಕಡೆಗೇ ಮುಖ ಮಾಡಿ ಕೂರಬಹುದು. ನನ್ನ ಹೆಂಡತಿ ಇದನ್ನು ಮೂರು ಸಲ ಮಾಡಿ ನೋಡಿದಳು. ಮೂರನೆಯದು ಮುಗಿಯುವಷ್ಟರಲ್ಲಿ ಮೆರಿಲ್ಯಾಂಡ್ಸ್ ಬಂದೇಬಿಟ್ಟಿತು.

ಇಲ್ಲಿ ಆಫ್ಘನ್ನರು, ಇರಾನಿನವರು ಜಾಸ್ತಿ. ಒಂದು ಬೇಕರಿಯ ಗಾಜಿನ ಮುಂದೆ ನಾವಿಬ್ಬರೂ ಹತ್ತು ನಿಮಿಷ ಅಲುಗಾಡದೆ ನಿಂತೆವು. ಒಳಗೆ ಒಬ್ಬ ಹುಡುಗ ಹಿಟ್ಟಿನ ಉಂಡೆಯನ್ನು ತಟ್ಟಿ, ಎಳೆದು, ಮೊಳದುದ್ದ ಮಾಡುತ್ತಿದ್ದ. ಆಮೇಲೆ ಬೆರಳ ತುದಿ ಒದ್ದೆ ಮಾಡಿಕೊಂಡು ಅದರ ಮೇಲೆ ಉದ್ದಕ್ಕೆ ಗೆರೆ ಒತ್ತುವುದು, ಉತ್ತ ಹೊಲದ ಸಾಲಿನ ಹಾಗೆ. ಮೇಲೊಂದಿಷ್ಟು ಕರಿಜೀರಿಗೆ ಉದುರಿಸಿದರೆ ಆಯಿತು. ಹಿಟ್ಟು ಒಳಗೆ ಹೋಗಿ ಎರಡು ನಿಮಿಷಕ್ಕೆ ಉಬ್ಬಿ, ಕಂದು ಚುಕ್ಕೆ ಹೊತ್ತು ಹೊರಗೆ ಬರುತ್ತಿತ್ತು. ಕಾಗದದಲ್ಲಿ ಸುತ್ತಿ ಕೊಟ್ಟರೂ ಕೈ ಸುಡುತ್ತಿತ್ತು. ರಸ್ತೆಯಲ್ಲೇ ಹರಿದು ತಿಂದೆವು. ಇಷ್ಟು ವರ್ಷ ಹೋಟೆಲುಗಳಲ್ಲಿ ನಾನ್ ಅಂತ ನಾವು ತಿಂದದ್ದು ಏನು ಹಾಗಾದರೆ?

ಹೆಂಡತಿ ಸಸ್ಯಾಹಾರಿ, ನಾನು ಮದುವೆಯಾದ ಮೇಲೂ ಬಿಡದವನು. ಅವಳಿಗೆ ಬೋಲಾನಿ ಸಿಕ್ಕಿತು. ಆಲೂಗಡ್ಡೆ ತುಂಬಿದ ತೆಳು ರೊಟ್ಟಿಯನ್ನು ಎಣ್ಣೆಯಲ್ಲಿ ಗರಿಗರಿಯಾಗಿ ಬೇಯಿಸಿ ಮೊಸರಿನ ಜೊತೆ ಕೊಡುತ್ತಾರೆ. ನನಗೆ ಮಂಟು. ಹಬೆಯಲ್ಲಿ ಬೆಂದ ಕಡುಬು, ಒಳಗೆ ಕೈಮಾ, ಮೇಲೆ ಬೆಳ್ಳುಳ್ಳಿ ಮೊಸರು, ಒಣ ಪುದೀನ. ಪಕ್ಕದ ಅಂಗಡಿಯಲ್ಲಿ ಮೂಟೆಗಟ್ಟಲೆ ಸೆಲ್ಲಾ ಬಾಸ್ಮತಿ. ಸೆಲ್ಲಾ ಅಂದರೆ ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡಿದ್ದು. ನಮ್ಮ ಕುಸುಬಲಕ್ಕಿಯ ಉದ್ದನೆಯ ನೆಂಟ. ಕ್ಯಾರೆಟ್ಟು, ಒಣದ್ರಾಕ್ಷಿ ಹಾಕಿ ಮಾಡುವ ಕಾಬೂಲಿ ಪಲಾವಿನಲ್ಲಿ ಕಾಳು ಕಾಳಾಗಿ ನಿಲ್ಲಬೇಕಲ್ಲ, ಅದಕ್ಕೆ ಇದೇ ಬೇಕು.

ಫೇರ್‌ಫೀಲ್ಡಿನಲ್ಲಿ ಅಕ್ಕಿಯ ಜೊತೆಗೆ ಗೋಧಿನುಚ್ಚೂ ಸಾಲು ಹಿಡಿದಿತ್ತು, ದಪ್ಪ, ಮಧ್ಯಮ, ಸಣ್ಣ ಅಂತ. ಬೋರ್ಡುಗಳಲ್ಲಿ ಅರಬ್ಬಿ ಅಕ್ಷರ. ಇರಾಕ್, ಸಿರಿಯಾದಿಂದ ಬಂದ ಅಸ್ಸೀರಿಯನ್ ಕ್ರೈಸ್ತರು ಇಲ್ಲಿ ತುಂಬಾ ಜನ. ಏಸು ಆಡುತ್ತಿದ್ದ ಅರಾಮಿಕ್ ಮಾತಿನ ಇಂದಿನ ರೂಪವನ್ನು ತರಕಾರಿ ಕೊಳ್ಳುವಾಗ ಆಡುತ್ತಾರೆ ಅನ್ನುವುದೇ ನನಗೆ ಸೋಜಿಗ. 2015ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಆ ಎರಡು ದೇಶಗಳ ಯುದ್ಧದಿಂದ ಓಡಿಬಂದ 12,000 ಮಂದಿಯನ್ನು ಹೆಚ್ಚುವರಿಯಾಗಿ ಕರೆಸಿಕೊಳ್ಳುತ್ತೇವೆ ಅಂದಿತ್ತು. ಹಾಗೆ ಬಂದವರಲ್ಲಿ ತುಂಬಾ ಜನ ನೆಲೆ ನಿಂತಿದ್ದು ಈ ಒಂದು ಪ್ರದೇಶದಲ್ಲೇ.

ಅಂಗಡಿಯಾತ ನನ್ನನ್ನು "ಅಮ್ಮೋ" ಅಂತ ಕರೆದ. ಅರಬ್ಬಿಯಲ್ಲಿ ಚಿಕ್ಕಪ್ಪ, ದೊಡ್ಡಪ್ಪ ಅಂತ ಅರ್ಥವಂತೆ. "ರೀ, ನಿಮ್ಮನ್ನ ಅಮ್ಮ ಅಂತಿದಾನೆ" ಅಂತ ಇವಳು ಅಲ್ಲೇ ನಗಲು ಶುರು ಮಾಡಿದಳು. ಸೊಂಟ ಸಣ್ಣಗಿರುವ ಪುಟ್ಟ ಲೋಟಗಳಲ್ಲಿ ಏಲಕ್ಕಿ ಹಾಕಿದ ಕಪ್ಪು ಚಹಾ ಬಂತು. ಜೊತೆಗೆ ದೋಣಿಯ ಆಕಾರದ, ಹೊಟ್ಟೆ ಉಬ್ಬಿದ ಸಮೂನ್ ಬ್ರೆಡ್ಡು. ಇವಳು ಎರಡು ಲೋಟ ಚಹಾ ಕುಡಿದಳು. ಈ ಎರಡು ಲೋಟ ನೆನಪಿಡಿ, ಮುಂದೆ ಬೇಕಾಗುತ್ತದೆ.

ಉಪ್ಪಿನಕಾಯಿ ಸಾಲಿನಲ್ಲಿ ಹಳದಿ ಬಾಟಲಿ ಒಂದು ಕಂಡಿತು. ಹೆಸರು 'ಅಂಬಾ'. ಮುಚ್ಚಳ ತೆಗೆಯದೇ ಗೊತ್ತಾಯಿತು, ಇದು ನಮ್ಮ ಕಡೆಯದು. ಮರಾಠಿಯಲ್ಲಿ ಆಂಬಾ ಅಂದರೆ ಮಾವು. ಮುಂಬೈಗೆ ವ್ಯಾಪಾರಕ್ಕೆ ಬಂದು ನೆಲೆಸಿದ ಬಾಗ್ದಾದಿನ ಯಹೂದಿಗಳು ಈ ಮಾವಿನಕಾಯಿ ಉಪ್ಪಿನಕಾಯಿಯನ್ನು ತಮ್ಮೂರಿಗೆ ಒಯ್ದರು ಅನ್ನುತ್ತಾರೆ. ಅರಿಸಿನ, ಮೆಂತ್ಯ ಹಾಕಿ ಅರೆದ ಅದು ಇರಾಕಿನವರ ಬೀದಿ ತಿಂಡಿಗೆಲ್ಲ ಅಂಟಿಕೊಂಡಿತು. ಈಗ ಅವರ ಜೊತೆ ಸಿಡ್ನಿಗೂ ಬಂದಿದೆ. ಒಂದು ಬಾಟಲಿ ಚೀಲಕ್ಕೆ ಹಾಕಿಕೊಂಡೆ.

ಅಲ್ಲಿಂದ ಎರಡನೇ ಸ್ಟೇಷನ್ ಕಾಬ್ರಮಟ್ಟ. ಇಳಿದು ಜಾನ್ ಸ್ಟ್ರೀಟಿಗೆ ಕಾಲಿಟ್ಟರೆ ಬೇರೆಯೇ ಲೋಕ. ಫ್ರೀಡಂ ಪ್ಲಾಜಾದಲ್ಲಿ ಬಣ್ಣ ಬಣ್ಣದ ಚೀನೀ ಮಾದರಿ ಕಮಾನು, ಸುತ್ತ ಬಟ್ಟೆ, ಚಿನ್ನ, ಔಷಧಿ, ಮೀನು. 1973ರವರೆಗೂ ಈ ದೇಶದಲ್ಲಿ ಬಿಳಿಯರಿಗೇ ಮಣೆ ಹಾಕುವ ವಲಸೆ ನೀತಿ ಇತ್ತು. ಅದು ಹೋದ ಎರಡೇ ವರ್ಷಕ್ಕೆ ವಿಯೆಟ್ನಾಂ ಯುದ್ಧ ಮುಗಿದು, ನಿರಾಶ್ರಿತರು ಬರತೊಡಗಿದರು. ಅವರನ್ನು ಇಳಿಸುವ ವಲಸಿಗರ ಹಾಸ್ಟೆಲುಗಳು ಕಾಬ್ರಮಟ್ಟದಲ್ಲೂ ಪಕ್ಕದ ವಿಲ್ಲಾವುಡ್‌ನಲ್ಲೂ ಇದ್ದವು. ಹಾಸ್ಟೆಲು ಬಿಟ್ಟವರು ಹತ್ತಿರದಲ್ಲೇ ಮನೆ ಹಿಡಿದರು, ಅಂಗಡಿ ತೆರೆದರು. 1990ರ ದಶಕದಲ್ಲಿ ಹೆರಾಯಿನ್ ವ್ಯಾಪಾರದಿಂದ ಊರಿನ ಹೆಸರು ಕೆಟ್ಟಿತ್ತಂತೆ. ಈಗ ಇಲ್ಲಿ ಸಾಲು ನಿಲ್ಲುವುದು ಊಟಕ್ಕೆ.

ಇಲ್ಲಿನ ದಿನಸಿ ಅಂಗಡಿಯಲ್ಲಿ ನನಗೊಂದು ಆಶ್ಚರ್ಯ ಕಾದಿತ್ತು. ಮಲ್ಲಿಗೆ ಪರಿಮಳದ ಜಾಸ್ಮಿನ್ ಅಕ್ಕಿಯ ಪಕ್ಕದಲ್ಲೇ ಮೂಟೆ ಮೂಟೆ ನುಚ್ಚಕ್ಕಿ! ಅಪ್ಪ ಇದನ್ನು ಮೂಲೆಯಲ್ಲಿ ಡಬ್ಬದಲ್ಲಿ ಇಟ್ಟು ಅರ್ಧ ಬೆಲೆಗೆ ಮಾರುತ್ತಿದ್ದರು. ಇಲ್ಲಿ ಅಂದದ ಚೀಲದಲ್ಲಿ, ಹೆಸರು ಹೊತ್ತು ಕೂತಿದೆ. ವಿಯೆಟ್ನಾಮಿನಲ್ಲೂ ಮೊದಲು ಬಡವರ ಕೂಳೇ. ಈಗ ನುಚ್ಚನ್ನ, ಸುಟ್ಟ ಮಾಂಸ, ಮೇಲೊಂದು ಮೊಟ್ಟೆ ಇಟ್ಟು ಕೊಡುವ 'ಕಮ್ ತಮ್' ಅಂದರೆ ಜನ ಹುಡುಕಿಕೊಂಡು ಬರುತ್ತಾರೆ. ಮೂಲೆಯ ಡಬ್ಬಕ್ಕೆ ಇಂಥ ಕಾಲ ಬಂದದ್ದನ್ನು ಅಪ್ಪ ನೋಡಬೇಕಿತ್ತು.

ಊಟಕ್ಕೆ ಒಂದು ಪುಟ್ಟ ಹೋಟೆಲಿಗೆ ಹೋದೆವು. ನನಗೆ ಫೋ ಬೇಕಿತ್ತು. ಬರೆಯುವುದು ಫೋ, ಕರೆಯುವುದು ಹೆಚ್ಚುಕಡಿಮೆ ಫಾ. ಗೋಮಾಂಸದ ಮೂಳೆಯನ್ನು ಚಕ್ಕೆ, ಅನಾನಸ್ ಮೊಗ್ಗು, ಸುಟ್ಟ ಶುಂಠಿಯ ಜೊತೆ ಗಂಟೆಗಟ್ಟಲೆ ಕುದಿಸಿದ ತಿಳಿಸಾರು, ಅದರಲ್ಲಿ ಅಕ್ಕಿ ಶಾವಿಗೆ. ಇವಳು ಮಾಂಸ ಬೇಡ, ಬರೀ ತರಕಾರಿ ಅಂದಳು. ಬಡಿಸುವಾಕೆ ಇವಳನ್ನು ನೋಡಿ "ಚಾಯ್?" ಅಂದಳು.

"ನೋ, ನೋ, ಈಗಷ್ಟೇ ಎರಡು ಲೋಟ ಕುಡಿದೆ" ಅಂತ ಇವಳು ಕೈಯಾಡಿಸಿದಳು.

ಬಟ್ಟಲು ಬಂತು. ಮೇಲೆ ತರಕಾರಿಯೇ ಇತ್ತು. ಎರಡು ಚಮಚ ಸಾರು ಕುಡಿದವಳು ನನ್ನ ಮುಖ ನೋಡಿದಳು. "ರೀ, ಇದರ ರುಚಿ ತರಕಾರಿದಲ್ಲ." ಕೇಳಿದರೆ ಸಾರು ಅದೇ ಮೂಳೆಯದು, ಉಪ್ಪಿನ ಬದಲು ಮೀನಿನ ಸಾಸು. ಆಮೇಲೆ ಪಕ್ಕದ ಟೇಬಲಿನ ಹುಡುಗ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ವಿಯೆಟ್ನಾಮಿ ಮಾತಿನಲ್ಲಿ 'ಚಾಯ್' ಅಂದರೆ ಸಸ್ಯಾಹಾರ. ಆಕೆ ಕೇಳಿದ್ದು ಇವಳು ಶುದ್ಧ ಸಸ್ಯಾಹಾರಿಯೇ ಅಂತ, ಇವಳು ಅಲ್ಲ ಅಲ್ಲ ಅಂದಿದ್ದಳು! ಎರಡು ಸ್ಟೇಷನ್ ಹಿಂದೆ ಚಹಾ ಆಗಿದ್ದದ್ದು ಇಲ್ಲಿ ವ್ರತದ ಊಟ. ಬಡಿಸುವಾಕೆ ಪಾಪ ಕ್ಷಮೆ ಕೇಳಿದಳು, ತಪ್ಪು ಅವಳದಾಗಿರಲಿಲ್ಲ. ಇವಳು ಬಾಯಿ ಮುಕ್ಕಳಿಸಿ, ಒಂದು ಕಬ್ಬಿನ ಹಾಲು ಕುಡಿದು ಸಮಾಧಾನ ಮಾಡಿಕೊಂಡಳು. ಇಲ್ಲಿ ಕಬ್ಬಿನ ಜೊತೆ ಶುಂಠಿ, ನಿಂಬೆ ಬದಲು ಕಮ್‌ಕ್ವಾಟ್ ಎಂಬ ಗೋಲಿಯಷ್ಟು ಕಿತ್ತಳೆ ಹಾಕಿ ಹಿಂಡುತ್ತಾರೆ. ಸಿಪ್ಪೆಯ ಒಂದು ಸಣ್ಣ ಕಹಿ ಇರುತ್ತದೆ. ನನಗೆ ನಮ್ಮದಕ್ಕಿಂತ ಇದೇ ಹಿಡಿಸಿತು, ಇವಳು ಒಪ್ಪಲಿಲ್ಲ.

ಮುಂದಿನ ಶುಕ್ರವಾರ ಅವಳೇ ಹೊರಡಿಸಿದಳು. ಈ ಸಲ 'ಚಾಯ್' ಅಂತ ಬೋರ್ಡಿದ್ದ ಹೋಟೆಲನ್ನೇ ಹುಡುಕಿದೆವು, ಒಂದಲ್ಲ, ಹಲವು ಇವೆ. ಬೌದ್ಧರಲ್ಲಿ ಅನೇಕರು ಅಮಾವಾಸ್ಯೆ, ಹುಣ್ಣಿಮೆಗೆ ಮಾಂಸ ಮುಟ್ಟುವುದಿಲ್ಲ. ಇವಳು ಬಾನ್ ಸೆಯೊ ತರಿಸಿದಳು. ಅಕ್ಕಿಹಿಟ್ಟು, ಅರಿಸಿನ, ತೆಂಗಿನಹಾಲು ಕಲಸಿ ಕಾದ ಬಾಣಲೆಗೆ ಹುಯ್ದ ದೋಸೆ ಅದು. ಸೆಯೊ ಅನ್ನುವುದು ಹಿಟ್ಟು ಬಿದ್ದಾಗ ಬರುವ ಸದ್ದು, ನಮ್ಮ ಚುಂಯ್ ಇದ್ದ ಹಾಗೆ. ಮಡಿಚಿದ ದೋಸೆಯೊಳಗೆ ಅಣಬೆ, ಮೊಳಕೆ ಕಾಳು. ತುಂಡು ಮಾಡಿ, ಲೆಟ್ಯೂಸ್ ಎಲೆಯಲ್ಲಿ ಪುದೀನ, ತುಳಸಿ ಜೊತೆ ಸುತ್ತಿ, ಹುಳಿಸಿಹಿ ಸಾಸಿನಲ್ಲಿ ಅದ್ದಿ ತಿನ್ನಬೇಕು. ಮೊದಲ ಸುತ್ತು ಅವಳ ಸೀರೆ ಮೇಲೆ ಬಿತ್ತು, ಎರಡನೆಯದು ಸರಿಯಾಯಿತು.

ಹೊರಗೆ ಫುಟ್‌ಪಾತಿನಲ್ಲಿ ಒಬ್ಬ ಅಜ್ಜಿ ಹಿತ್ತಲ ಸೊಪ್ಪು ಹರಡಿಕೊಂಡು ಕೂತಿದ್ದಳು. ಹೆಂಡತಿ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಕೆಸುವಿನ ದಂಟು! ಎಳೆಯದು, ಉಗುರಿನಿಂದ ಚಿವುಟಿದರೆ ನೀರು ಜಿನುಗುವಂಥದ್ದು. ಇವಳು ಗಂಟಲು ಮುಟ್ಟಿ ತೋರಿಸಿ, ಕೆರೆಯುತ್ತಾ ಅಂತ ಕೈಸನ್ನೆ ಮಾಡಿದಳು. ಅಜ್ಜಿ ಇಲ್ಲ ಅಂತ ತಲೆಯಾಡಿಸಿ, ಪಕ್ಕದ ಅಂಗಡಿಯಲ್ಲಿದ್ದ ಹುಣಸೆಹಣ್ಣಿನ ಪೊಟ್ಟಣದ ಕಡೆ ಬೆರಳು ತೋರಿಸಿದಳು. ಅವರ ಹುಳಿಸಾರಿಗೂ ಇದೇ ದಂಟು, ಇದೇ ಹುಣಸೆ. ಇಬ್ಬರೂ ಐದು ನಿಮಿಷ ಮಾತಾಡಿದರು. ಯಾವ ಭಾಷೆಯಲ್ಲಿ ಅಂತ ನನ್ನನ್ನು ಕೇಳಬೇಡಿ.

ರಾತ್ರಿ ಮಗಳ ಮನೆಯಲ್ಲಿ ಸೋನಾ ಮಸೂರಿ ಅನ್ನ, ಕಾಬ್ರಮಟ್ಟದ ದಂಟಿನ ಹುಳಿ, ಕೊನೆಗೆ ಮೊಸರನ್ನಕ್ಕೆ ಫೇರ್‌ಫೀಲ್ಡಿನ ಅಂಬಾ. ಹೆಂಡತಿ ಬೆರಳ ತುದಿಯಲ್ಲಿ ನೆಕ್ಕಿ ನೋಡಿ, "ಮೆಂತ್ಯ ಸ್ವಲ್ಪ ಜಾಸ್ತಿ ಆಯ್ತು" ಅಂದಳು. ಅಂದವಳೇ ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡಳು.