ಜೇಮ್ಸ್ ಬನಾನಾ ಯಾರು?

2025 ನವೆಂಬರ್ 9, ಭಾನುವಾರ, ರಾತ್ರಿ

ಇವತ್ತೂ ಅದೇ ಜಗಳ. ವಿಡಿಯೊ ಗೇಮ್ ಸಂಗೀತದಲ್ಲಿ ಮಾರಿಯೊಗೆ ಬರೆದ ಕೋಜಿ ಕೊಂಡೊ ದೊಡ್ಡವರೋ, ಫೈನಲ್ ಫ್ಯಾಂಟಸಿಗೆ ಬರೆದ ನೊಬುವೊ ಉಯೆಮಾತ್ಸು ದೊಡ್ಡವರೋ. ತಮ್ಮ ಎಂದಿನಂತೆ ಉಯೆಮಾತ್ಸು ಕಡೆ. ಮಾರಿಯೊ ಟ್ಯೂನು ಜಗತ್ತಿಗೇ ಬಾಯಿಪಾಠ ಆಗಿದೆಯಲ್ಲೋ ಅಂದದ್ದಕ್ಕೆ, "ಬಾಯಿಪಾಠ ಆದದ್ದೆಲ್ಲ ಒಳ್ಳೇದಾಗಲ್ಲ ಅಣ್ಣಾ, ಮಗ್ಗೀನೂ ಬಾಯಿಪಾಠಾನೇ" ಅಂದ.

ಆಗ ಉತ್ತರ ಹೊಳೆಯಲಿಲ್ಲ. ಈಗ ಹೊಳೆಯುತ್ತಿದೆ. ಇಂಥ ಜಗಳಗಳೆಲ್ಲ ಹೀಗೇ, ಎದುರಾಳಿ ಎದ್ದು ಹೋದ ಮೇಲೆ ಗೆಲ್ಲುವಂಥವು.

1985ರ ಸೂಪರ್ ಮಾರಿಯೊ ಬ್ರದರ್ಸ್ ಓಡಿದ ನಿಂಟೆಂಡೊ ಯಂತ್ರದಲ್ಲಿ ದನಿಗೆ ಇದ್ದದ್ದು ಐದೇ ಚಾನೆಲ್, ಅಂದರೆ ಒಮ್ಮೆಗೆ ಒಂದೇ ದನಿ ಹೊರಡಿಸುವ ಐದು ದಾರಿ: ರಾಗಕ್ಕೆ ಎರಡು ಪಲ್ಸ್, ಒಂದು ಟ್ರಯಾಂಗಲ್, ತಾಳದ ಸದ್ದಿಗೆ ಒಂದು ನಾಯ್ಸ್, ಜೊತೆಗೆ ಸ್ಯಾಂಪಲ್ ಅಂದರೆ ಮುದ್ರಿಸಿದ ದನಿಯ ಚೂರು ನುಡಿಸುವ ಒಂದು ಬಡಕಲು ಚಾನೆಲ್. ಪಲ್ಸ್‌ನ ಡ್ಯೂಟಿ, ಅಂದರೆ ಅದರ ಅಲೆ ಪ್ರತಿ ಸುತ್ತಿನಲ್ಲಿ ಎಷ್ಟು ಪಾಲು ಮೇಲಿರುತ್ತದೆ ಅನ್ನುವುದು, ನಾಲ್ಕು ಬಗೆ, ಶೇ. 12.5, 25, 50, 75. ಅದರಲ್ಲೂ 25 ಮತ್ತು 75 ಕಿವಿಗೆ ಒಂದೇ. ಅಂದರೆ ನಿಜವಾಗಿ ಸಿಗುವ ಬಣ್ಣ ಮೂರು. ಬೇಸ್ ನುಡಿಸುವ ಟ್ರಯಾಂಗಲ್‌ಗೆ ವಾಲ್ಯೂಮೇ ಇಲ್ಲ. ಇದ್ದರೆ ಪೂರ್ತಿ ಇದೆ, ಇಲ್ಲದಿದ್ದರೆ ಇಲ್ಲ. ಮೆಲ್ಲಗೆ ಕೇಳಿಸಬೇಕೆಂದರೆ ಸ್ವರವನ್ನು ಮೊಟಕು ಮಾಡಿ ನಡುವೆ ಮೌನ ಬಿಡಬೇಕು. ಇದು ಸಾಲದು ಅಂತ, ಆಟದ ಸದ್ದುಗಳೂ ಇದೇ ಚಾನೆಲ್‌ಗಳಲ್ಲಿ ಬರಬೇಕು. ಮಾರಿಯೊ ಜಿಗಿದಾಗ ಒಂದು ಪಲ್ಸ್ ಚಾನೆಲ್ ಸಂಗೀತವನ್ನು ಬಿಟ್ಟು ಜಿಗಿತದ ಸದ್ದಿಗೆ ಓಡುತ್ತದೆ, ಸದ್ದು ಮುಗಿದ ಮೇಲೆ ವಾಪಸು ಬಂದು ಸೇರಿಕೊಳ್ಳುತ್ತದೆ. ಆಡುವವನು ಜಿಗಿಯುತ್ತಲೇ ಇರುತ್ತಾನೆ. ಹೀಗೆ ಕ್ಷಣಕ್ಕೊಮ್ಮೆ ಒಂದು ಕೈ ಕಳೆದುಕೊಂಡೂ ನಿಲ್ಲುವ ಟ್ಯೂನು ಬರೆಯಬೇಕು. ಮಗ್ಗಿಗೆ ಈ ಕಷ್ಟ ಇಲ್ಲ.

ಬೇಕಾದರೆ ಪರೀಕ್ಷೆ ಮಾಡಬಹುದು. ಎನ್‌ಎಸ್‌ಎಫ್ ಫೈಲ್ (ಆ ಯಂತ್ರದ ಆಟಗಳ ಸಂಗೀತ ಇರುವ ಫೈಲ್) ನುಡಿಸುವ ಯಾವುದಾದರೂ ಪ್ಲೇಯರಿನಲ್ಲಿ ಚಾನೆಲ್‌ಗಳನ್ನು ಒಂದೊಂದಾಗಿ ಮ್ಯೂಟ್ ಮಾಡುತ್ತ ಹೋಗಿ. ಕೊನೆಗೆ ಟ್ರಯಾಂಗಲ್ ಮತ್ತು ನಾಯ್ಸ್ ಮಾತ್ರ ಉಳಿದಾಗಲೂ ಕಾಲು ತಾಳ ಹಾಕುತ್ತಿದ್ದರೆ ಬರೆದವರಿಗೆ ಕೈ ಮುಗಿಯಬೇಕು. ಮೇಲಿನ ರಾಗ ತೆಗೆದ ಕೂಡಲೇ ಕುಸಿದು ಬಿದ್ದರೆ ಅದು ರಾಗವೊಂದನ್ನೇ ನಂಬಿ ನಿಂತದ್ದು.

ತಮ್ಮನ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಉಯೆಮಾತ್ಸು ಯಾರ ಹತ್ತಿರವೂ ಶಾಸ್ತ್ರೀಯವಾಗಿ ಕಲಿತವರಲ್ಲ, ಸ್ವಂತ ಕಲಿಕೆ. 1994ರ ಫೈನಲ್ ಫ್ಯಾಂಟಸಿ 6ರಲ್ಲಿ ಒಂದು ಆಪೆರಾ ದೃಶ್ಯವನ್ನೇ ಕೂರಿಸಿದರು. ಅದು ಓಡಿದ ಮುಂದಿನ ಪೀಳಿಗೆಯ ಯಂತ್ರ ಸೂಪರ್ ನಿಂಟೆಂಡೊದಲ್ಲಿ ಎಂಟು ಚಾನೆಲ್ ಇತ್ತಲ್ಲ, ಅವರಿಗೇನು ಕಷ್ಟ ಅನ್ನುವವರು ಮೆಮೊರಿ ಲೆಕ್ಕ ನೋಡಿಲ್ಲ. ಆಡಿಯೊಗೆ ಇದ್ದದ್ದು 64 ಕೆಬಿ. ವಾದ್ಯಗಳ ಸ್ಯಾಂಪಲ್, ಸ್ವರಗಳ ಡೇಟಾ, ಅದನ್ನು ನುಡಿಸುವ ಪ್ರೋಗ್ರಾಂ, ಎಲ್ಲ ಅದರೊಳಗೇ. ಸ್ಯಾಂಪಲ್‌ನ ಪ್ರತಿ 16 ಬಿಂದುವಿಗೆ 9 ಬೈಟ್. 32 ಕಿಲೋಹರ್ಟ್ಸ್‌ನಲ್ಲಿ ಒಂದು ಸೆಕೆಂಡ್ ಪಿಟೀಲು ಇಡಬೇಕೆಂದರೆ ಸುಮಾರು 18 ಕೆಬಿ ಹೋಯಿತು. ಎಕೋ ಬೇಕಾ? ಪ್ರತಿ 16 ಮಿಲಿಸೆಕೆಂಡ್‌ಗೆ 2 ಕೆಬಿ ಕೊಡಿ. ಅತಿ ಉದ್ದದ 240 ಮಿಲಿಸೆಕೆಂಡ್ ಎಕೋ ಇಟ್ಟರೆ 30 ಕೆಬಿ ಅದೊಂದಕ್ಕೇ. ದೊಡ್ಡ ಸಭಾಂಗಣದ ಗುಂಗು ಬೇಕೋ, ಒಳ್ಳೆಯ ಪಿಟೀಲು ಬೇಕೋ, ಆರಿಸಿಕೊಳ್ಳಬೇಕು. ಅದೇ 1994ರಲ್ಲಿ, ಅದೇ ಯಂತ್ರದ ಡಾಂಕಿ ಕಾಂಗ್ ಕಂಟ್ರಿ ಆಟದ ನೀರಿನಡಿಯ ಹಂತಕ್ಕೆ ಡೇವಿಡ್ ವೈಸ್ ಪುಟ್ಟ ಪುಟ್ಟ ತರಂಗದ ಚೂರುಗಳನ್ನು ಒಂದರ ಬೆನ್ನಿಗೆ ಒಂದು ಪೋಣಿಸಿ ಸಿಂಥಸೈಜರ್ ಇದ್ದಂತೆ ಕೇಳಿಸಿದರು. ಅದು ಸಂಯೋಜನೆಯೋ, ಮೆಮೊರಿಯ ಸಂಸಾರ ತೂಗಿಸಿದ ಜಾಣತನವೋ? ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ ಅಂತಲೇ ನನ್ನ ತಕರಾರು. ಸಂಯೋಜಕರ ಪಟ್ಟಿ ಮಾಡುವವರು ಯಾವಾಗಲೂ ಬೇರ್ಪಡಿಸಿಬಿಡುತ್ತಾರೆ.

ಇನ್ನೊಂದು ತಮಾಷೆ. ಜಗಳ ಆಡುವ ಇಬ್ಬರೂ ಕೇಳಿದ್ದು ಒಂದೇ ಸಂಗೀತ ಅಂತ ಖಾತ್ರಿ ಏನು? ಆಗಿನ ಬಹಳಷ್ಟು ಆಟಗಳಲ್ಲಿ ಸಂಗೀತ ಮುಂದಕ್ಕೆ ಹೋಗುತ್ತಿದ್ದದ್ದು ಟಿವಿಯ ಫ್ರೇಮ್ ಎಣಿಸಿಕೊಂಡು. 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲದ ಲೆಕ್ಕದಲ್ಲಿ ಬರೆದದ್ದನ್ನು ಏನೂ ಬದಲಿಸದೆ ಯುರೋಪಿನ 50 ಹರ್ಟ್ಸ್ ಯಂತ್ರದಲ್ಲಿ ಓಡಿಸಿದರೆ ಲಯ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ. ಯುರೋಪಿನಲ್ಲಿ ಬೆಳೆದವರಿಗೆ ಆ ನಿಧಾನದ್ದೇ ಮೂಲ, ಉಳಿದವರದ್ದು ಅವಸರ. ಕೊನಾಮಿ ಕಂಪನಿಯ ಭೂತದ ಆಟ ಕ್ಯಾಸಲ್‌ವೇನಿಯಾ 3ರ ಕಥೆ ಇನ್ನೂ ಕೆಟ್ಟದ್ದು. ಜಪಾನಿನ ಕಾರ್ಟ್ರಿಜ್ಜಿನೊಳಗೆ ಕೊನಾಮಿ ತನ್ನದೇ ವಿಆರ್‌ಸಿ6 ಚಿಪ್ ಇಟ್ಟಿತ್ತು, ಅದರಿಂದ ಎರಡು ಪಲ್ಸ್, ಒಂದು ಸಾಟೂತ್ (ಗರಗಸದ ಹಲ್ಲಿನಂಥ ಅಲೆ) ಚಾನೆಲ್ ಹೆಚ್ಚುವರಿ. ಹೊರದೇಶದ ಯಂತ್ರದಲ್ಲಿ ಕಾರ್ಟ್ರಿಜ್ಜಿನ ದನಿ ಬೆರೆಸುವ ದಾರಿ ಇರಲಿಲ್ಲ. ಹಾಗಾಗಿ ಅಮೆರಿಕದ ಆವೃತ್ತಿಗೆ ಅದೇ ಸಂಗೀತವನ್ನು ಐದು ಚಾನೆಲ್‌ಗೆ ಇಳಿಸಿದರು. ಒಬ್ಬ ಭರ್ಜರಿ ಅನ್ನುತ್ತಾನೆ, ಇನ್ನೊಬ್ಬ ಪರವಾಗಿಲ್ಲ ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಆದರೆ ಜನಪ್ರಿಯತೆಯ ವಿಷಯಕ್ಕೆ ಬಂದರೆ ಚಿಪ್ಪಿಗಿಂತ ದೊಡ್ಡ ಕಾರಣ ಹೆಸರು. ಬರೀ ಹೆಸರು.

ಮೊದಲ ಕ್ಯಾಸಲ್‌ವೇನಿಯಾ, 1986. ಅದರ ಕೊನೆಯಲ್ಲಿ ಸಂಗೀತ ಅಂತ ಬರುವ ಹೆಸರು ಜೇಮ್ಸ್ ಬನಾನಾ. ಭೂತದ ಸಿನಿಮಾಗಳಿಗೆ ಸಂಗೀತ ಕೊಟ್ಟ ಜೇಮ್ಸ್ ಬರ್ನಾರ್ಡ್ ಹೆಸರನ್ನು ತಿರುಚಿ ಮಾಡಿದ ಕೀಟಲೆ. ಆ ಬಾಳೆಹಣ್ಣಿನ ಹಿಂದೆ ಇದ್ದವರು ಕಿನುಯೊ ಯಮಾಶಿತಾ, ಜೊತೆಗೆ ಸತೋಯೆ ತೆರಾಶಿಮಾ. 1987ರ ಮೆಗಾ ಮ್ಯಾನ್ ಆಟಕ್ಕೆ ಬರೆದ ಮನಾಮಿ ಮಾತ್ಸುಮಾಯೆ ಕೂಡ ಅಡ್ಡಹೆಸರಿನಲ್ಲೇ ಬಂದರು. ಒಳ್ಳೆಯ ಕೆಲಸಗಾರರನ್ನು ಬೇರೆ ಕಂಪನಿ ಎಳೆದುಕೊಂಡು ಹೋಗಬಾರದು ಅಂತ ಆಗಿನ ಕಂಪನಿಗಳು ಹೆಸರು ಮುಚ್ಚಿಡುತ್ತಿದ್ದವು. ಇತ್ತ 1991ರ ಸ್ಟ್ರೀಟ್ಸ್ ಆಫ್ ರೇಜ್ ಆಟ ನೋಡಿ: ಟೈಟಲ್ ಪರದೆಯ ಮೇಲೇ ಯೂಜೊ ಕೊಶಿರೊ ಹೆಸರು, ಸಂಗೀತದ ಹಕ್ಕಿನ ಸಮೇತ. ಅವತ್ತು ಆಡಿದ ಹುಡುಗರಿಗೆ ಇವತ್ತಿಗೂ ಆ ಹೆಸರು ಗೊತ್ತು. ಯಮಾಶಿತಾ ಹೆಸರು ಹೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ಯಾರು ಅಂತ ಕೇಳುತ್ತಾರೆ. ಟ್ಯೂನು ಗುನುಗಿದರೆ ಮಾತ್ರ ಓಹೋ ಅನ್ನುತ್ತಾರೆ.

ನಿಂಟೆಂಡೊದ ಸಂಯೋಜಕ ಹಿರೊಕಾಜು ತನಾಕಾ ಅವರದ್ದು ಇದರ ಉಲ್ಟಾ. ಗೇಮ್ ಬಾಯ್ ಟೆಟ್ರಿಸ್‌ನ ಆ ಟ್ಯೂನಿಗೆ ಅವರನ್ನು ಹೊಗಳುತ್ತಾರೆ. ಅದು ರಷ್ಯಾದ ಹಳೆಯ ಜಾನಪದ ಗೀತೆ ಕೊರೊಬೈನಿಕಿ. ತನಾಕಾ ಮಾಡಿದ್ದು ಅಳವಡಿಕೆ. ಅವರ ನಿಜವಾದ ಸಾಧನೆ 1986ರ ಮೆಟ್ರಾಯ್ಡ್ ಆಟದ ಸಂಗೀತ. ಸಂಗೀತ ಯಾವುದು, ಆಟದ ಸದ್ದು ಯಾವುದು ಗೊತ್ತಾಗಬಾರದು, ಉಲ್ಲಾಸದ ರಾಗ ಕೊನೆಯ ಶತ್ರು ಸತ್ತ ಮೇಲೇ ಬರಬೇಕು ಅಂತ ಹಟ ಹಿಡಿದು ಬರೆದರು. ಬೇಕೆಂದೇ ಗುನುಗಲಾಗದಂತೆ ಬರೆದವರನ್ನು ಗುನುಗುವ ಟ್ಯೂನಿನ ತಕ್ಕಡಿಯಲ್ಲಿ ತೂಗಿದರೆ ಹೇಗೆ?

ಈಗಿನವರಿಗೂ ಇದೇ ಅನ್ಯಾಯ. "ಒಂದು ರಾಗಾನೂ ನೆನಪಿರಲ್ಲ" ಅನ್ನುವ ದೂರು. ನೆನಪಿರಲಿ ಅಂತ ಬರೆದದ್ದೇ ಅಲ್ಲ ಅದು. 2010ರ ಕೌಬಾಯ್ ಆಟ ರೆಡ್ ಡೆಡ್ ರಿಡೆಂಪ್ಶನ್‌ನಲ್ಲಿ ಬಿಲ್ ಎಲ್ಮ್, ವುಡಿ ಜ್ಯಾಕ್ಸನ್ ಹೆಚ್ಚಿನದನ್ನು ಎ ಮೈನರ್ ಅನ್ನುವ ಒಂದೇ ಸ್ವರಶ್ರೇಣಿಯಲ್ಲಿ, ನಿಮಿಷಕ್ಕೆ 130 ಬೀಟ್‌ನಲ್ಲಿ ಕಟ್ಟಿದರು. ಯಾಕೆಂದರೆ ಕುದುರೆ ಹತ್ತಿದಾಗ ಒಂದು ಪದರ, ಗುಂಡು ಹಾರಿದಾಗ ಇನ್ನೊಂದು ಪದರ, ಯಾವುದು ಯಾವುದರ ಮೇಲೆ ಬಿದ್ದರೂ ಒಪ್ಪಬೇಕು. ಇಂಥದ್ದು ಕೆಡುವುದು ಬರೆಯುವಾಗಲ್ಲ, ಫೈಲ್ ತೆಗೆಯುವಾಗ. ಲೂಪು, ಅಂದರೆ ಮತ್ತೆ ಮತ್ತೆ ಸುತ್ತುವ ಪ್ರತಿ ಪದರವೂ ಒಂದೇ ಬಾರ್ (ತಾಳದ ಒಂದು ಆವರ್ತ) ಗಡಿಗೆ ಸರಿಯಾಗಿ ಮುಗಿಯಬೇಕು. ಹಾಗೆ ಕತ್ತರಿಸಿದಾಗ ಕೊನೆಯ ಹೊಡೆತದ ಗುಂಗೂ ಕತ್ತರಿಸಿ ಹೋಗುತ್ತದೆ. ಆ ಬಾಲವನ್ನು ತೆಗೆದು ಲೂಪಿನ ಮೊದಲಿಗೆ ಬೆರೆಸಬೇಕು, ಇಲ್ಲದಿದ್ದರೆ ಪ್ರತಿ ಸುತ್ತಿನಲ್ಲೂ ಉಸಿರು ಕಟ್ಟಿದ ಹಾಗೆ ಕೇಳುತ್ತದೆ. ಎಂಪಿ3 ಮಾಡಲೇಬಾರದು, ಅದು ಫೈಲಿನ ಹಿಂದೆ ಮುಂದೆ ಖಾಲಿ ಸ್ಯಾಂಪಲ್ ಸೇರಿಸುತ್ತದೆ, ಲೂಪು ಮಗುಚುವಾಗ ಎಡವುತ್ತದೆ. ವೇವ್ ಅಥವಾ ಆಗ್ ಫೈಲ್ ಸಾಕು.

ಇಷ್ಟೆಲ್ಲ ಮಾಡಿದ್ದನ್ನು ಆಲ್ಬಮ್ಮಿನಲ್ಲಿ ಎರಡು ಸುತ್ತು ನುಡಿಸಿ ಮೆಲ್ಲಗೆ ಅಡಗಿಸಿಬಿಡುತ್ತಾರೆ, ಅದನ್ನು ಕೇಳಿ ನಾವು ಅಂಕ ಕೊಡುತ್ತೇವೆ.

ಪ್ರಶಸ್ತಿಗಳ ಮಾತು ತಮ್ಮನೇ ಎತ್ತಿದ್ದ. ಗ್ರ್ಯಾಮಿಯಲ್ಲಿ ಗೇಮ್ ಸಂಗೀತಕ್ಕೆ ಪ್ರತ್ಯೇಕ ವಿಭಾಗ ಬಂದದ್ದೇ 2023ರಲ್ಲಿ, ಮೊದಲು ಗೆದ್ದವರು ಸ್ಟೆಫನಿ ಇಕಾನಮೌ. ಅದೇ ವರ್ಷ ಮಾರಿಯೊ ಟ್ಯೂನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಧ್ವನಿಮುದ್ರಣ ಪಟ್ಟಿ ಸೇರಿತು, ಗೇಮ್ ಸಂಗೀತದಲ್ಲಿ ಮೊದಲನೆಯದಾಗಿ. ಇದನ್ನು ಹೇಳಿದ್ದರೆ ಗೆದ್ದುಬಿಡುತ್ತಿದ್ದೆ. ಹೇಳದೆ ಇದ್ದದ್ದೇ ಒಳ್ಳೆಯದಾಯಿತು, ಅದು ವಾದ ಅಲ್ಲ, ಸರ್ಟಿಫಿಕೇಟು.

ಮಲಗುವ ಮುಂಚೆ ಅವನಿಗೆ ಮೆಟ್ರಾಯ್ಡ್ ಫೈಲ್ ಕಳಿಸಿದೆ. ಎರಡೂ ಪಲ್ಸ್ ಮ್ಯೂಟ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಟ್ರಯಾಂಗಲ್ ಒಂದನ್ನೇ ಕೇಳು ಅಂದೆ. "ಕೇಳಿದೆ. ಇದು ಯಾರದ್ದು?" ಅಂತ ಬಂದಿದೆ. ಹೆಸರು ಹೇಳಲೋ ಬೇಡವೋ. ಹೇಳಿದ ಕೂಡಲೇ ಅವನು ಪಟ್ಟಿಯಲ್ಲಿ ಎಷ್ಟನೇ ಜಾಗ ಅಂತ ಕೇಳುತ್ತಾನೆ.