ಶನಿವಾರ ಹತ್ತಿ ಇಳಿದೆವು, ಭಾನುವಾರ ಮತ್ತೆ ಹತ್ತಿದೆವು

ಭಾನುವಾರ ಬೆಳಿಗ್ಗೆ 5 ಗಂಟೆಗೆ ಅಲಾರಂ ಹೊಡೆಯಿತು. ಎದ್ದು ಕೂತು, ಕಾಲು ನೆಲಕ್ಕಿಟ್ಟು, ಮೆಲ್ಲಗೆ ಮಂಡಿ ಬಗ್ಗಿಸಿ ನೋಡಿದೆ. ನೋವಿತ್ತು. ಆದರೆ ಮಂಡಿಯೊಳಗೆ ಅಲ್ಲ, ತೊಡೆಯ ಮುಂಭಾಗದಲ್ಲಿ. ಅಷ್ಟು ಗೊತ್ತಾಗಿದ್ದಕ್ಕೇ ಸಮಾಧಾನವಾಯಿತು. ಅಕ್ಕ ಆಗಲೇ ಶೂ ಲೇಸ್ ಕಟ್ಟುತ್ತಿದ್ದಳು.

"ಇವತ್ತೇ ಕಣೇ ಪರೀಕ್ಷೆ. ನಿನ್ನೆ ಆಗಿದ್ದು ಬರೀ ತಯಾರಿ," ಅಂದಳು.

ಇನ್ನು 10 ವಾರಕ್ಕೆ ನಾನು ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ಹೊರಡಬೇಕು. ಶಿಖರ ಹತ್ತುವುದಲ್ಲ, ಅದರ ಬುಡದವರೆಗೆ ನಡೆದು ಹೋಗಿ ವಾಪಸ್ ಬರುವುದು. ವಿಮಾನ ಲುಕ್ಲಾದಲ್ಲಿ ಇಳಿಸಿದ ಮೇಲೆ ಎಲ್ಲಾ ಕಾಲ್ನಡಿಗೆಯೇ, ಹೋಗಿ ಬರಲು ಸುಮಾರು 130 ಕಿಲೋಮೀಟರ್. ಲುಕ್ಲಾ ಇರುವುದು 2,860 ಮೀಟರ್ ಎತ್ತರದಲ್ಲಿ, ಬೇಸ್ ಕ್ಯಾಂಪ್ 5,364 ಮೀಟರ್‌ನಲ್ಲಿ. ಎರಡು ವರ್ಷದಿಂದ ಕಾಯುತ್ತಿರುವ ಪ್ರಯಾಣ ಇದು. ಅದಕ್ಕಾಗಿ ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತುತ್ತಿದ್ದೇನೆ. ಮೇಲೆ ಹೋಗುವುದು, ಲಿಫ್ಟಿನಲ್ಲಿ ಕೆಳಗೆ ಬರುವುದು, ಮತ್ತೆ ಹತ್ತುವುದು. ಇಳಿಯುವ ಹೊತ್ತನ್ನೂ ಹತ್ತುವುದಕ್ಕೇ ಕೊಟ್ಟರೆ ಒಳ್ಳೆಯದು ಅಂದುಕೊಂಡಿದ್ದೆ.

ಈ ಲಿಫ್ಟಿನ ವಿಷಯ ಕೇಳಿದ್ದೇ ತಡ, ಅಕ್ಕ ಈ ವಾರಾಂತ್ಯದ ಏರ್ಪಾಡು ಮಾಡಿದ್ದು. ಅವಳು ಆ ದಾರಿಯಲ್ಲಿ ಹೋಗಿ ಬಂದವಳು. "ಹೋಗುವಾಗ ಎಂಟು ದಿನ, ಬರುವಾಗ ಮೂರೇ ದಿನ. ಅಷ್ಟು ಎತ್ತರವನ್ನು ಮೂರು ದಿನದಲ್ಲಿ ಇಳಿಯಬೇಕು, ಲೆಕ್ಕ ಹಾಕು," ಅಂದಳು. ಲೆಕ್ಕ ಹಾಕಿದೆ. ಬೇಸ್ ಕ್ಯಾಂಪಿಗೂ ಲುಕ್ಲಾಕ್ಕೂ ಮಧ್ಯೆ 2,500 ಮೀಟರ್ ವ್ಯತ್ಯಾಸ. ಹಾಗಂತ ಹೋಗುವಾಗ ಬರೀ ಏರು ಅಂತಲೂ ಅಲ್ಲ. ಲುಕ್ಲಾದಿಂದ ಹೊರಟ ಮೊದಲ ದಿನ ಫಾಕ್‌ಡಿಂಗ್‌ವರೆಗೆ ಹೆಚ್ಚುಕಮ್ಮಿ ಇಳಿಜಾರೇ, ಆ ಊರು ಲುಕ್ಲಾಗಿಂತ 250 ಮೀಟರ್ ಕೆಳಗಿದೆ. ನಾಮ್ಚೆ ಬಜಾರ್‌ನಿಂದ ತೆಂಗ್ಬೋಚೆಗೆ ಹೋಗುವಾಗಲೂ ಅಷ್ಟೇ. ಕಷ್ಟಪಟ್ಟು ಗಳಿಸಿದ ಎತ್ತರವನ್ನೆಲ್ಲ ಬಿಟ್ಟು ನದಿಯವರೆಗೆ ಇಳಿಯಬೇಕು, ಆಮೇಲೆ ಸುಮಾರು 600 ಮೀಟರ್ ಒಂದೇ ಸಮನೆ ಹತ್ತಬೇಕು. ನನ್ನ ಮೂರು ತಿಂಗಳ ತಯಾರಿಯಲ್ಲಿ ಇಳಿಯುವುದು ಅನ್ನೋದೇ ಇರಲಿಲ್ಲ.

ನಾವು ಆರಿಸಿಕೊಂಡ ಬೆಟ್ಟ ದೊಡ್ಡದೇನಲ್ಲ. ಬುಡದಿಂದ ತುದಿಗೆ 900 ಮೀಟರ್ ಏರು, ಹೋಗಿ ಬರಲು 11 ಕಿಲೋಮೀಟರ್. ಅದನ್ನೇ ಶನಿವಾರ ಒಂದು ಸಲ, ಭಾನುವಾರ ಒಂದು ಸಲ. ಬೇರೆ ಬೇರೆ ಬೆಟ್ಟ ಹತ್ತಿದರೆ ಚೆನ್ನಾಗಿರುತ್ತದೆ ಅಲ್ವಾ ಅಂತ ನಾನು ಕೇಳಿದ್ದೆ. ಅಕ್ಕ ಒಪ್ಪಲಿಲ್ಲ. ದಾರಿ ಒಂದೇ ಆದರೆ ತಾನೆ ಮೊದಲ ದಿನಕ್ಕೂ ಎರಡನೇ ದಿನಕ್ಕೂ ಕಾಲಿನಲ್ಲಿ ಎಷ್ಟು ವ್ಯತ್ಯಾಸ ಬಂತು ಅಂತ ಗೊತ್ತಾಗೋದು. ಅವಳು ಹೇಳಿದ್ದು ಸರಿ.

ಮೊದಲು ಶನಿವಾರದ ಕಥೆ. ಬ್ಯಾಗಿನಲ್ಲಿ ನೀರಿನ ಬಾಟಲಿಗಳನ್ನು ತುಂಬಿಕೊಂಡೆ. ಒಂದು ಲೀಟರ್ ಅಂದರೆ ಒಂದು ಕೆಜಿ, ತಕ್ಕಡಿ ಬೇಕಿಲ್ಲ. ಆರು ಲೀಟರ್ ನೀರು, ಮಳೆ ಜಾಕೆಟ್, ಬೆಚ್ಚನೆಯ ಬಟ್ಟೆ, ಪ್ರಥಮ ಚಿಕಿತ್ಸೆಯ ಚೀಲ, ಟಾರ್ಚ್ ಎಲ್ಲಾ ಸೇರಿ ಒಂಬತ್ತು ಕೆಜಿ ಆಯಿತು. ಚಾರಣದಲ್ಲಿ ದೊಡ್ಡ ಚೀಲವನ್ನು ಪೋರ್ಟರ್ ಹೊರುತ್ತಾರೆ, ನನ್ನ ಬೆನ್ನ ಮೇಲೆ ಇರುವುದು ಐದಾರು ಕೆಜಿ ಅಷ್ಟೇ. ತಯಾರಿಯಲ್ಲಿ ಸ್ವಲ್ಪ ಜಾಸ್ತಿ ಹೊತ್ತಿದ್ದರೆ ಅಲ್ಲಿ ಹಗುರ ಅನ್ನಿಸುತ್ತದೆ.

ಹತ್ತುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಚೆನ್ನಾಗಿಯೇ ಆಯಿತು. ಮೆಟ್ಟಿಲು ಹತ್ತಿದ್ದರ ಫಲ ಕಾಣಿಸಿತು. ಒಂದೇ ನಿಯಮ ಇಟ್ಟುಕೊಂಡಿದ್ದೆವು: ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಇರಬೇಕು, ಎರಡು ಪದಕ್ಕೊಮ್ಮೆ ಏದುಸಿರು ಬಂದರೆ ವೇಗ ಇಳಿಸಬೇಕು. ನಿಲ್ಲುವುದಲ್ಲ, ಹೆಜ್ಜೆ ಚಿಕ್ಕದು ಮಾಡುವುದು. ಓಡಿ ನಿಂತು, ಓಡಿ ನಿಂತು ಹೋಗುವವರಿಗಿಂತ ಒಂದೇ ಲಯದಲ್ಲಿ ನಿಧಾನವಾಗಿ ಹೋಗುವವರು ಬೇಗ ತಲುಪುತ್ತಾರೆ ಅನ್ನೋದನ್ನು ಅವತ್ತು ಕಣ್ಣಾರೆ ಕಂಡೆ, ನಮ್ಮನ್ನು ದಾಟಿ ಹೋದ ಒಂದು ಗುಂಪು ಎರಡು ತಿರುವು ಆದ ಮೇಲೆ ಕಲ್ಲಿನ ಮೇಲೆ ಕೂತಿತ್ತು.

ಬೆಟ್ಟದ ನಡಿಗೆಗೆ ಎಷ್ಟು ಹೊತ್ತು ಬೇಕು ಅಂತ ಅಂದಾಜು ಮಾಡಲು ಒಂದು ಹಳೆಯ ಲೆಕ್ಕವಿದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟಿದ್ದು. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಬೆಟ್ಟಕ್ಕೆ ಹಾಕಿದರೆ ಮೇಲೆ ಹೋಗಲು ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಅದು ಎಲ್ಲೂ ನಿಲ್ಲದೆ, ಒಳ್ಳೆಯ ಕಾಲಿದ್ದವರು ನಡೆದರೆ. ನಮಗೆ ಮೂರು ಗಂಟೆ 20 ನಿಮಿಷ ಹಿಡಿಯಿತು. ಬೆನ್ನ ಮೇಲೆ ಒಂಬತ್ತು ಕೆಜಿ ಇಟ್ಟುಕೊಂಡು ಆ ಹೊತ್ತಿಗೆ ತಲುಪಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ತುದಿಯಲ್ಲಿ ಅಕ್ಕ ತನ್ನ ಬಾಟಲಿಗಳ ನೀರನ್ನು ಒಂದು ಗಿಡದ ಬುಡಕ್ಕೆ ಸುರಿದಳು, ಕುಡಿಯಲು ಬೇಕಾದಷ್ಟು ಮಾತ್ರ ಉಳಿಸಿಕೊಂಡಳು. ಭಾರ ಹೊತ್ತು ಹತ್ತುವುದು, ಹಗುರಾಗಿ ಇಳಿಯುವುದು. ಮಂಡಿ ಉಳಿಸಿಕೊಳ್ಳಲು ತುಂಬಾ ಜನ ಮಾಡುವ ಉಪಾಯ ಇದು. ನಾನು ಸುರಿಯಲಿಲ್ಲ. ಕಷ್ಟ ಜಾಸ್ತಿ ಆದಷ್ಟೂ ತಯಾರಿ ಜಾಸ್ತಿ ಆಗುತ್ತದೆ ಅನ್ನೋ ಹಟ. ಅಕ್ಕನೂ ಬಲವಂತ ಮಾಡಲಿಲ್ಲ.

ಮೊದಲ ಅರ್ಧ ಗಂಟೆ ಆರಾಮಾಗಿತ್ತು. ಉಸಿರಾಟ ಸಲೀಸು, ಎದೆಬಡಿತ ನಿಧಾನ, ಸುತ್ತಲೂ ನೋಡುತ್ತಾ ಮಾತಾಡುತ್ತಾ ಬಂದೆವು. ಆಮೇಲೆ ಸಡಿಲ ಕಲ್ಲಿನ ಇಳಿಜಾರು ಶುರುವಾಯಿತು. ಪ್ರತಿ ಹೆಜ್ಜೆಗೂ ಬೆರಳುಗಳು ಶೂವಿನ ತುದಿಗೆ ಬಡಿಯುತ್ತಿದ್ದವು. ಎಡ ಹಿಮ್ಮಡಿಯಲ್ಲಿ ಒಂದು ಕಡೆ ಬಿಸಿ ಬಿಸಿ ಅನ್ನಿಸಿತು, ಕೆಳಗೆ ಹೋಗಿ ನೋಡಿದರಾಯಿತು ಅಂತ ಬಿಟ್ಟೆ. ಬಿಡಬಾರದಿತ್ತು. ಆ ಬಿಸಿ ತಿಳಿದ ಕೂಡಲೇ ನಿಂತು, ಶೂ ಬಿಚ್ಚಿ, ಆ ಜಾಗ ಒರೆಸಿ ಟೇಪ್ ಅಂಟಿಸಿದ್ದರೆ ಐದು ನಿಮಿಷದ ಕೆಲಸ. ಅರ್ಧ ಗಂಟೆಯಲ್ಲಿ ಅಲ್ಲಿ ಗುಳ್ಳೆ ಎದ್ದಿತ್ತು. ಇನ್ನೊಂದು ಗಂಟೆಯಲ್ಲಿ ತೊಡೆಗಳು ನಡುಗಲು ಶುರುವಾದವು. ಸುಸ್ತಿನ ನಡುಕ ಅಲ್ಲ ಅದು, ಕಾಲು ಊರಿದಾಗ ಮಂಡಿ ತಾನಾಗಿಯೇ ಬಾಗಿ ಕುಸಿಯುವಂಥ ನಡುಕ. ಒಂದು ಕಡೆ ಜಾರಿ ಕೂತೂಬಿಟ್ಟೆ.

ಅಕ್ಕ ತನ್ನ ಎರಡು ಕೋಲುಗಳನ್ನೂ ನನ್ನ ಕೈಗೆ ಕೊಟ್ಟು, "ಕೋಲು ಮೊದಲು ಕೆಳಗೆ ಊರು, ಆಮೇಲೆ ಕಾಲಿಡು. ದೊಡ್ಡ ಹೆಜ್ಜೆ ಹಾಕಲೇಬೇಡ," ಅಂದಳು. ನನ್ನ ನೀರನ್ನೂ ಅಲ್ಲೇ ಸುರಿಸಿದಳು. ಅಂತೂ ಬುಡ ಮುಟ್ಟಿದಾಗ ಎರಡು ಗಂಟೆ 50 ನಿಮಿಷ ಆಗಿತ್ತು. ಹತ್ತಿದ್ದಕ್ಕಿಂತ ಬರೀ ಅರ್ಧ ಗಂಟೆ ಕಡಿಮೆ!

ಯಾಕೆ ಹೀಗೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಇದು ಚಾರಣಕ್ಕೆ ಹೊರಡುವ ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಬ್ರೇಕ್ ಥರ. ಮೈಭಾರವನ್ನು ತಡೆಯುತ್ತಲೇ ಅದು ಉದ್ದಕ್ಕೆ ಎಳೆಯಲ್ಪಡುತ್ತದೆ. ಉಸಿರಿಗೆ ಶ್ರಮ ಕಡಿಮೆ, ಹಾಗಾಗಿ ಸುಲಭ ಅನ್ನಿಸುತ್ತದೆ, ಆದರೆ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತಲೇ ಇರುತ್ತದೆ. ಅದರ ನೋವು ಅವತ್ತು ಪೂರ್ತಿ ಗೊತ್ತಾಗುವುದಿಲ್ಲ, ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ. ಸಂತೋಷದ ಸಂಗತಿ ಏನೆಂದರೆ, ಒಂದು ಸಲ ಹಾಗೆ ಪೆಟ್ಟು ತಿಂದು ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಅಂದರೆ ಇಳಿಯುವುದಕ್ಕೆ ತಯಾರಿ ಅಂದರೆ ಇಳಿಯುವುದೇ. ಸೈಕಲ್ ಹೊಡೆದರೂ, ಲಿಫ್ಟಿನಲ್ಲಿ ಇಳಿಯುತ್ತಾ ಎಷ್ಟು ಮಹಡಿ ಹತ್ತಿದರೂ ಅದು ಸಿಗುವುದಿಲ್ಲ.

ಇನ್ನು ಭಾನುವಾರ. ಹೊರಡುವ ಮೊದಲು ಗುಳ್ಳೆಗೆ ಪಟ್ಟಿ ಹಾಕಿ, ಶೂ ಕಟ್ಟುವ ರೀತಿಯನ್ನೇ ಬದಲಿಸಿದೆ. ಹಿಮ್ಮಡಿಯನ್ನು ನೆಲಕ್ಕೆ ತಟ್ಟಿ ಪಾದವನ್ನು ಪೂರ್ತಿ ಹಿಂದಕ್ಕೆ ಕೂರಿಸಿ, ಮೇಲಿನ ಎರಡು ಕೊಕ್ಕೆಗಳ ಹತ್ತಿರ ಲೇಸನ್ನು ಬಿಗಿಯಾಗಿ ಕಟ್ಟುವುದು. ಬೆರಳುಗಳ ಕಡೆ ಸಡಿಲವಾಗಿಯೇ ಇರಲಿ. ಕಾಲುಗುರನ್ನು ಹಿಂದಿನ ರಾತ್ರಿಯೇ ಕತ್ತರಿಸಿದ್ದೆ. ಇಷ್ಟರಿಂದಲೇ ಬೆರಳು ಮುಂದಕ್ಕೆ ಬಡಿಯುವುದು ಹೆಚ್ಚುಕಮ್ಮಿ ನಿಂತುಹೋಯಿತು.

ಹತ್ತಲು ಮೂರು ಗಂಟೆ 45 ನಿಮಿಷ. ಮೊದಲ ಒಂದು ಗಂಟೆ ಮರದ ಕಾಲಿಟ್ಟುಕೊಂಡು ನಡೆದ ಹಾಗಿತ್ತು, ಆಮೇಲೆ ಮೈ ಬಿಸಿಯಾಗಿ ಹಾದಿಗೆ ಬಂತು. ಹಸಿವಾಗುವವರೆಗೆ ಕಾಯದೆ ಗಂಟೆಗೊಮ್ಮೆ ಏನಾದರೂ ತಿನ್ನುತ್ತಿದ್ದೆವು, ಹಿಂದಿನ ದಿನ ಅದನ್ನೂ ಸರಿಯಾಗಿ ಮಾಡಿರಲಿಲ್ಲ. ತುದಿಯಲ್ಲಿ ನಾನೂ ನೀರು ಸುರಿದೆ. ಇಳಿಯುವಾಗ ಮಂಡಿ ಸದಾ ಸ್ವಲ್ಪ ಬಾಗಿಯೇ ಇರಬೇಕು, ಹೆಜ್ಜೆ ಚಿಕ್ಕದಿರಬೇಕು, ಕಣ್ಣು ಎರಡು ಮೂರು ಹೆಜ್ಜೆ ಮುಂದೆ ಇರಬೇಕು. ಕಾಲ ಬುಡವನ್ನೇ ನೋಡಿಕೊಂಡರೆ ಮೈ ಬಿಗಿಯಾಗುತ್ತದೆ. ಅದೇ ಸಡಿಲ ಕಲ್ಲಿನ ಜಾಗ ಬಂದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ಅಕ್ಕ ಮುಂದೆ, ನಾನು ಹಿಂದೆ, ಮಾತಿಲ್ಲದೆ ದಾಟಿದೆವು. ದಾಟಿದ ಮೇಲೆ ತಿರುಗಿ ನೋಡಿದಳು, ಏನೂ ಹೇಳಲಿಲ್ಲ, ನಕ್ಕಳು. ಒಂದು ದಿನದ ದಣಿದ ಕಾಲಿನಲ್ಲಿ ಇಳಿದರೂ ಎರಡು ಗಂಟೆ 35 ನಿಮಿಷಕ್ಕೇ ಮುಗಿಯಿತು.

ಒಂದು ವಿಷಯದಲ್ಲಿ ಮಾತ್ರ ಇಂಥ ಬೆಟ್ಟಗಳು ನಮಗೆ ಸಹಾಯ ಮಾಡುವುದಿಲ್ಲ. ಎತ್ತರದ ಕಾಯಿಲೆಗೆ ಇದು ತಯಾರಿ ಅಲ್ಲ. 5,500 ಮೀಟರ್ ಹತ್ತಿರ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧದಷ್ಟು. ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದು ಯಾರನ್ನಾದರೂ ಹಿಡಿಯಬಹುದು, ಬೇಗ ಬೇಗ ನಡೆದು ಹೋಗುವ ಗಟ್ಟಿಗರಿಗೆ ಅಪಾಯ ಜಾಸ್ತಿಯೇ ಅನ್ನಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ಒಂದು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಮೇಲಕ್ಕೆ ಒಯ್ಯಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಬೇಕು. ನಾಮ್ಚೆಯಲ್ಲೂ ದಿಂಗ್ಬೋಚೆಯಲ್ಲೂ ಒಂದೊಂದು ದಿನ ಜಾಸ್ತಿ ಉಳಿಯುವುದು ಅದಕ್ಕೇ. ದಿನ ಉಳಿಸಲು ಆ ವಿಶ್ರಾಂತಿಯನ್ನು ಕೈಬಿಡುವ ಯೋಜನೆಗೆ ಯಾರೂ ಒಪ್ಪಬೇಡಿ, ದಯವಿಟ್ಟು. ತಲೆನೋವು, ವಾಕರಿಕೆ ಬಂದರೆ ಮೇಲೆ ಹೋಗುವುದನ್ನು ನಿಲ್ಲಿಸಬೇಕು, ನಿಂತರೂ ಜಾಸ್ತಿಯಾಗುತ್ತಿದ್ದರೆ ಇಳಿಯಬೇಕು. ಅಂಥ ಹೊತ್ತಿನಲ್ಲಿ, ಬಹುಶಃ ಕತ್ತಲಲ್ಲಿ, ಇಳಿಯುವುದಕ್ಕೂ ಕಾಲಿನಲ್ಲಿ ಶಕ್ತಿ ಉಳಿದಿರಬೇಕಲ್ಲ.

ಮಂಗಳವಾರದವರೆಗೂ ಕಂಬಿ ಹಿಡಿದೇ ಮೆಟ್ಟಿಲು ಇಳಿದೆ. ಗುರುವಾರ ನೋವು ಪೂರ್ತಿ ಹೋಗಿತ್ತು. ಅವತ್ತು ಬೆಳಿಗ್ಗೆ 20 ಮಹಡಿ ಹತ್ತಿ, ಲಿಫ್ಟಿನ ಬಾಗಿಲು ದಾಟಿ, 20 ಮಹಡಿ ನಡೆದೇ ಇಳಿದೆ. ಇನ್ನು ಮೂರು ವಾರಕ್ಕೊಮ್ಮೆ ಅದೇ ಬೆಟ್ಟಕ್ಕೆ ಎರಡೆರಡು ದಿನ, ಕೊನೆಯ ಸಲ ಹೊರಡುವ ಮೂರು ವಾರ ಮೊದಲು. ಅಕ್ಕನಿಗೆ ಮುಂದಿನ ಸಲ ಬರಲಾಗುವುದಿಲ್ಲವಂತೆ. ಕೋಲುಗಳನ್ನು ನನ್ನ ಹತ್ತಿರವೇ ಬಿಟ್ಟು ಹೋಗಿದ್ದಾಳೆ.